ಎರಡು ಬಾಗಿಲಿನ ಒಪ್ಪಿಗೆ

ನಮ್ಮ ಮಹಡಿಯ ಮೆಟ್ಟಿಲ ಹತ್ತಿರವೇ ಒಬ್ಬ ನನ್ನ ಕತ್ತಿನ ಸರ ಕಿತ್ತುಕೊಂಡು ಓಡಿದ. ಬಿದ್ದು ನನ್ನ ಕೈ ಉಳುಕಿತು. ಸರ ಹೋದರೆ ಹೋಗಲಿ ಎಂದು ಸುಮ್ಮನಿರುತ್ತಿದ್ದೆ. ಆದರೆ ಮಾರನೆಯ ದಿನ ಕಟ್ಟಡದ ಸಂಘದವರು ಮೆಟ್ಟಿಲು ಗುಡಿಸುವವನನ್ನು ಕೆಲಸದಿಂದ ತೆಗೆದರು. ಕೆಳಗಿನ ಬಾಗಿಲು ತೆರೆದಿಟ್ಟು ಹೋದವನು ಅವನೇ ಎಂದು ಯಾರೋ ಹೇಳಿದರಂತೆ.

"ಬಾಗಿಲು ಎಳೆದು ನೋಡಿಯೇ ಹೋಗಿದ್ದೆ ಅಮ್ಮಾ," ಎಂದ ಅವನು. "ಯಾರೋ ಮೇಲಿಂದ ಗುಂಡಿ ಒತ್ತಿರಬೇಕು, ನಿಮ್ಮ ಮಹಡಿ ಕ್ಯಾಮೆರಾ ನೋಡಿದ್ರೆ ಗೊತ್ತಾಗುತ್ತೆ. ನಾನು ಕೇಳಿದ್ರೆ ಬಯ್ತಾರೆ, ನೀವು ಕೇಳಿ."

ಕೆಳಗಿನ ಬಾಗಿಲು ತೆರೆಯುವ ಗುಂಡಿ ನಮ್ಮಲ್ಲಿ ಮನೆಯೊಳಗಿಲ್ಲ, ಪ್ರತಿ ಮಹಡಿಯ ಗೋಡೆಯ ಮೇಲಿದೆ. ಕೆಳಗೆ ಯಾರಾದರೂ ಗಂಟೆ ಬಾರಿಸಿದರೆ ಹೊರಗೆ ಬಂದು ಒತ್ತಬೇಕು. ಯಾರು ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಕಾರ್ಯದರ್ಶಿಯನ್ನು ಕೇಳಿದೆ. "ಆ ಕ್ಯಾಮೆರಾದಲ್ಲಿ ಎರಡು ಮನೆ ಬಾಗಿಲು ಕಾಣುತ್ತೆ. ಎರಡು ಮನೆಯವರೂ ಒಪ್ಪಬೇಕು," ಎಂದ. ಯಾರ ಮನೆಗೆ ಯಾರು ಬಂದರೆಂದು ಹಿಂದೆ ಅವನ ಹೆಂಡತಿ ಕ್ಯಾಮೆರಾದಲ್ಲಿ ಕೂತು ನೋಡುತ್ತಿದ್ದಳು. ಅದಕ್ಕಾದ ಜಗಳದಲ್ಲಿ ಹುಟ್ಟಿದ ನಿಯಮ ಇದು.

ಒಂದು ಬಾಗಿಲು ನನ್ನದು, ಎರಡನೆಯದು ಎದುರುಮನೆ ಅಕ್ಕನದು. ಉಳುಕಿದ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ನನಗೆ ದಿನವೂ ತಲೆ ಬಾಚುತ್ತಿದ್ದವಳು.

"ಸ್ನಾನಕ್ಕೆ ಹೋಗಿದ್ದೆ ಕಣೇ, ಒಂದು ಸದ್ದೂ ಕೇಳಲಿಲ್ಲ. ಕೇಳಿದ್ದಿದ್ರೆ ಅವನ ಕೈ ಮುರೀತಿದ್ದೆ."

"ಡಬ್ಬದ ಮುಚ್ಚಳ ತೆಗೆಯೋಕೆ ನನ್ನನ್ನ ಕರೀತೀಯ, ಅವನ ಕೈ ಮುರೀತೀಯಾ?"

ಇಬ್ಬರೂ ನಕ್ಕೆವು. "ಒಪ್ಪಿಗೆ ಅಂತ ಆವತ್ತೇ ಹೇಳಿಯಾಯ್ತು," ಎಂದಳು. "ಆ ಕಾರ್ಯದರ್ಶಿ ಬರೀ ಆಮೆ."

ಆಮೆಯ ಬಾಗಿಲಿಗೆ ದಿನವೂ ಹೋದೆ. ಕೊನೆಗೆ ಅವನಿಗೇ ಸಾಕಾಯಿತು. "ನನ್ನನ್ಯಾಕೆ ಕಾಡ್ತೀರಮ್ಮಾ? ಬೇಡ ಅನ್ನೋರು ನಿಮ್ಮ ಅಕ್ಕ. ಭಾನುವಾರಕ್ಕೆ ರೆಕಾರ್ಡಿಂಗ್ ತಾನಾಗೇ ಅಳಿಸಿಹೋಗುತ್ತೆ, ಅಲ್ಲೀವರೆಗೂ ಹೇಗಾದರೂ ತಳ್ಳಿ ಅಂದ್ರು."

ನಾನು ನಂಬಲಿಲ್ಲ. ಆದರೂ ಠಾಣೆಗೆ ಹೋದೆ. ಪೊಲೀಸರು ಕೇಳಿದರೆ ಯಾರ ಒಪ್ಪಿಗೆಯೂ ಬೇಕಿಲ್ಲವಂತೆ. ಶನಿವಾರ ಪೇದೆಯೊಬ್ಬ ನನ್ನ ಜೊತೆ ಬಂದು ಕಾರ್ಯದರ್ಶಿಯ ಕೋಣೆಯಲ್ಲಿ ಕೂತ.

ಪರದೆಯಲ್ಲಿ ಅಕ್ಕ ಹೊರಗೆ ಬಂದಳು, ಗುಂಡಿ ಒತ್ತಿದಳು, ಪಾರ್ಸೆಲ್‌ಗೆಂದು ಬಾಗಿಲಲ್ಲೇ ನಿಂತಳು. ಪೆಟ್ಟಿಗೆ ಹಿಡಿದವನೊಬ್ಬ ಹತ್ತಿ ಬಂದ. ಆಗಲೇ ನಾನು ಹೊರಗೆ ಬಂದು, ಅವಳ ಕಡೆ ನೋಡದೆ ಮೆಟ್ಟಿಲ ಕಡೆ ತಿರುಗಿದೆ. ಅವನು ಪೆಟ್ಟಿಗೆ ಬಿಸಾಡಿ ನನ್ನ ಕತ್ತಿಗೆ ಕೈ ಹಾಕಿದ. ನಾನು ಬಿದ್ದೆ. ಅಕ್ಕ ನನ್ನನ್ನು ನೋಡಿದಳು. ಆಮೇಲೆ ಬಾಗಿಲು ಹಾಕಿಕೊಂಡಳು, ಸದ್ದಾಗದ ಹಾಗೆ, ಮೆಲ್ಲಗೆ.

"ಕಳ್ಳನ ಮುಖ ಸರಿಯಾಗಿ ಕಂಡವರು ಇವರೊಬ್ಬರೇ," ಎಂದ ಪೇದೆ. "ಗುಡಿಸುವವನು ಅಂತ ಹೇಳಿದ್ದೂ ಇವರೇನಾ?" ಕಾರ್ಯದರ್ಶಿ ಹೌದೆಂದು ತಲೆಯಾಡಿಸಿದ.

ಸಂಜೆ ಅವಳ ಮನೆಗೆ ಹೋದೆ. ಬಾಚಣಿಗೆ ಹಿಡಿದೇ ಬಾಗಿಲು ತೆಗೆದಳು. ನನ್ನ ಮುಖ ನೋಡಿ ಕೈ ಇಳಿಸಿದಳು.

"ಹೆದರಿಬಿಟ್ಟೆ ಕಣೇ. ಅವನನ್ನ ಒಳಗೆ ಬಿಟ್ಟಿದ್ದು ನಾನು ಅಂತ ತಿಳಿದ್ರೆ ನೀನು ಮಾತು ಬಿಡ್ತೀಯ ಅಂತ."

"ಗುಂಡಿ ನಾನೂ ಒತ್ತುತ್ತಿದ್ದೆ. ನೀನು ಬಾಗಿಲು ಹಾಕಿಕೊಂಡೆ, ಅದಕ್ಕೂ ಏನೂ ಅನ್ನಲ್ಲ, ನಮ್ಮ ವಯಸ್ಸಿಗೆ ಧೈರ್ಯ ಎಲ್ಲಿಂದ ತರೋದು. ಆ ಬಡಪಾಯಿ ಹೆಸರು ಯಾಕೆ ಹೇಳಿದೆ?"

"ಕೇಳಿದ್ರು... ಬಾಯಿಗೆ ಬಂತು."

"ಹಾಗಾದರೆ ಅವನಿಗೂ ಹೇಳು, ನಿನ್ನ ಬಾಯಿಂದಲೇ."

"ಹೇಳ್ತೀನಿ. ಖಂಡಿತ ಹೇಳ್ತೀನಿ," ಎಂದು ಕೈ ಹಿಡಿದುಕೊಂಡಳು.

ಸೋಮವಾರ ಅವನು ಪೊರಕೆ ಹಿಡಿದು ಬಂದ. ನಿಯಮದ ಮರ್ಯಾದೆ ಉಳಿಸಲೆಂದು ಕಾರ್ಯದರ್ಶಿ ಪೊಲೀಸರ ಮಾತು ಬಿಟ್ಟು ಅವನಿಗೆ ಬೇರೆಯೇ ಹೇಳಿದ್ದ. ನಮ್ಮಿಬ್ಬರ ಬಾಗಿಲೂ ತೆರೆದಿದ್ದವು. ಅವನು ಮೊದಲು ಅವಳಿಗೇ ಕೈ ಮುಗಿದ.

"ಎರಡು ಮನೆಯವರೂ ಒಪ್ಪಿದ್ದಕ್ಕೆ ನನ್ನ ಕೆಲಸ ವಾಪಸ್ ಸಿಕ್ತು ತಾಯಿ. ನಿಮ್ಮ ಉಪಕಾರ ಮರೆಯಲ್ಲ."

ಹೇಳುತ್ತಾಳೆ ಎಂದು ಕಾದೆ. ಕಾಯುವುದು ನನಗೆ ಹೊಸದಲ್ಲ.

"ಅಯ್ಯೋ, ಅಷ್ಟೂ ಮಾಡದಿದ್ರೆ ಹೇಗಪ್ಪಾ," ಎಂದಳು ಅಕ್ಕ.