ಗ್ಯಾರೇಜಿನಿಂದ ಅಂಗಳಕ್ಕೆ ಬಂದ ಜನರೇಟರು

ಅದು ಶುರುವಾದದ್ದು ಮಾರ್ಗಶಿರದಲ್ಲಿ, ಮಧ್ಯಾಹ್ನ ಊಟದ ತಟ್ಟೆ ತೊಳೆದಿಡುವ ಹೊತ್ತಿಗೆ. ಎಂಬತ್ತೆರಡನೆಯ ಇಸವಿ. ಕ್ಯಾಲಿಫೋರ್ನಿಯಾದ ಆ ಕಡೆ ಮಳೆಗಾಲ, ಚಳಿಗಾಲ ಎರಡೂ ಒಟ್ಟಿಗೇ ಬರುತ್ತವೆ. ಪ್ಲೆಸೆಂಟನ್ ಊರಿನ ಮೇಲೆ ಬೆಳಗಿನಿಂದ ಬಿರುಗಾಳಿ ಬೀಸುತ್ತಿತ್ತು. ಸತ್ಯವತಮ್ಮ ಅಡುಗೆಮನೆಯಲ್ಲಿದ್ದಾಗ ಕರೆಂಟು ಹೋಯಿತು. ಅದರ ಜೊತೆಗೆ, ಒಳಕೋಣೆಯಲ್ಲಿ ಹಗಲೂ ರಾತ್ರಿ ಗುಂಯ್ ಅನ್ನುತ್ತಿದ್ದ ಸದ್ದೂ ನಿಂತಿತು.

ಅದು ಅವರ ಯಜಮಾನರು ರಘೋತ್ತಮರಾಯರ ಆಕ್ಸಿಜನ್ ಮಿಷನ್ನಿನ ಸದ್ದು. ರಾಯರಿಗೆ ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಕ್ಷಯ ಬಂದು ವಾಸಿಯಾಗಿತ್ತು. ವಾಸಿಯಾದರೂ ಶ್ವಾಸಕೋಶ ಮೊದಲಿನ ಹಾಗೆ ಆಗಲಿಲ್ಲ. ವಯಸ್ಸಾದ ಮೇಲೆ ಅದು ತನ್ನ ಬಾಕಿ ವಸೂಲಿಗೆ ಬಂತು. ಸೇತುವೆಗಳ ನಕ್ಷೆ ಬರೆಯುವ ಕೆಲಸ ಬಿಟ್ಟು ಅವರು ಮನೆ ಹಿಡಿದಿದ್ದರು. ಮೂಗಿಗೆ ಒಂದು ಸಣ್ಣ ಕೊಳವೆ, ಆ ಕೊಳವೆಯ ತುದಿಗೆ ಆ ಮಿಷನ್ನು. ಮಿಷನ್ನಿಗೆ ಕರೆಂಟು ಬೇಕು.

ಕಷ್ಟಕಾಲಕ್ಕೆ ಅಂತ ಒಂದು ಸಿಲಿಂಡರು ಇತ್ತು. ಸತ್ಯವತಮ್ಮ ಅದನ್ನು ಕೊಳವೆಗೆ ಜೋಡಿಸಿದರು. ಇನ್ನೊಂದು ಕಳಿಸಿ ಅಂತ ಸಿಲಿಂಡರಿನವರಿಗೆ ಫೋನು ಮಾಡಿದರೆ, ಮರ ಬಿದ್ದು ದಾರಿ ಕಟ್ಟಿದೆ, ಆದಾಗ ಬರುತ್ತೇವೆ ಅಂದರು. ಕತ್ತಲಾಯಿತು. ಆಕ್ಸಿಜನ್ ಇರುವ ಕೋಣೆಯಲ್ಲಿ ಬೆಂಕಿಯ ಭಯ, ದೀಪವಾಗಲಿ ಮೇಣದ ಬತ್ತಿಯಾಗಲಿ ಹಚ್ಚುವ ಹಾಗಿಲ್ಲ. ಇಬ್ಬರೂ ಕತ್ತಲೆಯಲ್ಲಿ ಕೂತರು. ಮಕ್ಕಳಿಲ್ಲದ ಮನೆ. ಆ ಬೀದಿಯಲ್ಲಿ ಹನ್ನೊಂದು ವರ್ಷ ಇದ್ದರೂ, ಹೋಗಿ ಬಾಗಿಲು ತಟ್ಟಬಹುದು ಅನ್ನುವಂಥ ಒಂದು ಮನೆ ಸತ್ಯವತಮ್ಮನ ನೆನಪಿಗೆ ಬರಲಿಲ್ಲ. ಕರೆಂಟು ಬಂದಾಗ ಸಿಲಿಂಡರಿನ ಮುಳ್ಳು ಕೆಂಪು ಗೆರೆಯ ಹತ್ತಿರ ಇತ್ತು.

ಅದಾದ ಮೇಲೆ ಜನರೇಟರು ತರುವುದು ಅಂತ ತೀರ್ಮಾನವಾಯಿತು. ಫಾಸ್ಟರ್ ಸಿಟಿಯಲ್ಲಿದ್ದ ಮಂಗಳೂರಿನ ಸರ್ವೋತ್ತಮ ಅನ್ನುವ ಪರಿಚಯದ ಹುಡುಗ ಒಂದು ಹುಡುಕಿ ಕೊಟ್ಟ. ಆಫೀಸು ಕಟ್ಟುವವರಿಗೆ ಮಾರಿಹೋದ ಒಂದು ಅಕ್ರೋಡು ತೋಟದ್ದು, ಡೀಸೆಲ್ಲಿನದು, ಹಳೆಯದಾದರೂ ಗಟ್ಟಿ. ಎಲ್ಲಿ ಇಳಿಸಲಿ ಅಂತ ಅವನು ಕೇಳಿದಾಗ ಸತ್ಯವತಮ್ಮ ಮನೆಗೆ ಅಂಟಿಕೊಂಡಿದ್ದ ಗ್ಯಾರೇಜು ತೋರಿಸಿದರು.

ಅದಕ್ಕೆ ಕಾರಣ ಪಕ್ಕದ ಮನೆ. ಅಲ್ಲಿ ಮಿಸೆಸ್ ಸಿಲ್ವೇರಾ ಅಂತ ಒಬ್ಬ ಮುದುಕಿ ಒಂಟಿಯಾಗಿ ಇದ್ದಳು. ಮನೆಗೆ ಬಂದ ಹೊಸದರಲ್ಲಿ ಸತ್ಯವತಮ್ಮ ತುಳಸಿಗೆ ನೀರು ಹಾಕುವಾಗ ಬೇಲಿಯ ಆಚೆ ಅವಳನ್ನು ನೋಡಿ, ಮೆತ್ತಗೆ ಗುಡ್ ಮಾರ್ನಿಂಗ್ ಅಂದಿದ್ದರು. ಮುದುಕಿ ಮುಖ ತಿರುಗಿಸಿ ಒಳಗೆ ಹೋಗಿದ್ದಳು. ಮತ್ತೆರಡು ಸಲವೂ ಹಾಗೇ ಆಯಿತು. ನಾವು ಇವಳಿಗೆ ಬೇಡದವರು ಅಂತ ಸತ್ಯವತಮ್ಮ ಮನಸ್ಸಿನಲ್ಲೇ ಬರೆದಿಟ್ಟುಕೊಂಡರು. ಅಂದಿನಿಂದ ಒಗ್ಗರಣೆಗೆ ಮುಂಚೆ ಕಿಟಕಿ ಮುಚ್ಚುವುದು, ಮಿಕ್ಸಿಯ ಕೆಳಗೆ ಟವೆಲ್ಲು ಹಾಸುವುದು. ಈಗ ಗುಡುಗುಡು ಅನ್ನುವ ಈ ರಾಕ್ಷಸನನ್ನು ಅಂಗಳದಲ್ಲಿ ಕೂರಿಸಿದರೆ ಆಕೆ ಪೊಲೀಸರನ್ನು ಕರೆದಾಳು ಅಂತ ಅವರ ಹೆದರಿಕೆ.

ಸರ್ವೋತ್ತಮನಿಗೂ ಅವಸರ. ಎರಡು ತುದಿಗೂ ಪಿನ್ನು ಇರುವ ಒಂದು ವೈರು ಮಾಡಿ, ಒಂದು ತುದಿಯನ್ನು ಜನರೇಟರಿಗೆ, ಇನ್ನೊಂದನ್ನು ಬಟ್ಟೆ ಒಣಗಿಸುವ ಮಿಷನ್ನಿನ ಸಾಕೆಟ್ಟಿಗೆ ಸಿಕ್ಕಿಸಿದ. ಅರ್ತಿಂಗು ಅಂತ ಇನ್ನೊಂದು ತಂತಿಯನ್ನು ತೋಟದ ನಲ್ಲಿಗೆ ಸುತ್ತಿದ. ನಮ್ಮ ಊರಲ್ಲಿ ಹೀಗೇ ಮಾಡುದು ಅಂದ. ಆಮೇಲೆ ಕಾಫಿ ಕುಡಿದು ಹೋದ.

ಸ್ವಲ್ಪ ದಿನ ಕಳೆದು ಏಕಾದಶಿ ಬಂತು. ಅವತ್ತು ಮಧ್ಯಾಹ್ನ ರಾಯರು, ಒಂದು ಸಲ ಓಡಿಸಿ ನೋಡಿಬಿಡೋಣ ಅಂದರು. ಸದ್ದು ಹೊರಗೆ ಹೋಗಬಾರದು ಅಂತ ಸತ್ಯವತಮ್ಮ ಗ್ಯಾರೇಜಿನ ದೊಡ್ಡ ಬಾಗಿಲು ಎಳೆದು, ಪಕ್ಕದ ಕಿರುಬಾಗಿಲು ಮಾತ್ರ ಒಂದು ಗೇಣು ತೆರೆದಿಟ್ಟರು. ಅರ್ಧ ಗಂಟೆ ಓಡಿಸಿದರು. ಸತ್ಯವತಮ್ಮನಿಗೆ ತಲೆ ಸಿಡಿಯತೊಡಗಿತು, ಹೊಟ್ಟೆ ತೊಳಸಿತು. ನೀರೂ ಮುಟ್ಟದ ಉಪವಾಸ, ವಯಸ್ಸಾಯಿತಲ್ಲ, ತಡೆಯುವುದಿಲ್ಲ ಅಂದುಕೊಂಡರು. ಜನರೇಟರು ನಿಲ್ಲಿಸಿ ಅಂಗಳಕ್ಕೆ ಹೋಗಿ ನಿಂತ ಮೇಲೆ ತಲೆ ಹಗುರಾಯಿತು. ಒಳಗೆ ಬಂದು ನೋಡಿದರೆ ರಾಯರು ಎಂದೂ ಇಲ್ಲದ ಗಾಢನಿದ್ದೆಯಲ್ಲಿದ್ದರು. ಪಾಪ, ಚೆನ್ನಾಗಿ ನಿದ್ದೆ ಬಂತು ಅಂತ ಹೊದಿಕೆ ಸರಿಮಾಡಿದರು.

ಮಾರನೆಯ ದಿನ ದ್ವಾದಶಿಯ ಊಟಕ್ಕೆ ಆಶಾಲತಾ ಬಂದಳು. ಉಡುಪಿಯ ಕಡೆಯ ಪರಿಚಯದ ಹುಡುಗಿ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಆಸ್ಪತ್ರೆಯಲ್ಲಿ ಉಸಿರಿನ ಕಾಯಿಲೆಯ ವಾರ್ಡಿನಲ್ಲಿ ನರ್ಸು. ರಜೆ ಸಿಕ್ಕಾಗ ರೈಲು ಹತ್ತಿ, ಬಸ್ಸು ಹತ್ತಿ ಬರುತ್ತಿದ್ದಳು. ಆ ಮನೆಯ ಬೆಲ್ಲು ಒತ್ತುತ್ತಿದ್ದವಳು ಅವಳೊಬ್ಬಳೇ ಅಂದರೂ ಸುಳ್ಳಲ್ಲ. ಊಟದ ನಡುವೆ ಸತ್ಯವತಮ್ಮ ನಿನ್ನೆಯ ತಲೆನೋವಿನ ಮಾತು ತೆಗೆದರು. ಆಶಾಲತಾ ತುತ್ತು ಕೆಳಗಿಟ್ಟಳು.

"ಅಕ್ಕ, ಹೋದ ಏಕಾದಶಿಗೂ ತಲೆನೋವು ಬಂದಿತ್ತಾ?"

"ಇಲ್ಲಮ್ಮ."

"ಅದಕ್ಕಿಂತ ಹಿಂದಿನದಕ್ಕೆ?"

"ಇಲ್ಲ. ಎಂಟು ವರ್ಷದ ಹುಡುಗಿ ಆಗಿದ್ದಾಗಿಂದ ಮಾಡ್ತಾ ಇದೀನಿ. ಒಂದು ದಿನವೂ ಬಂದಿಲ್ಲ."

"ಮತ್ತೆ ಅಂಗಳಕ್ಕೆ ಹೋದ ಕೂಡ್ಲೆ ಕಡಿಮೆ ಆಯ್ತು ಅಂದ್ರಿ. ಉಪವಾಸದ ತಲೆನೋವು ಅಂಗಳಕ್ಕೆ ಹೋದ್ರೆ ಬಿಡ್ತದಾ ಮಾರಾಯ್ರೆ? ಅದು ಅನ್ನ ಉಂಡ್ರೆ ಬಿಡುವಂಥದ್ದು."

ಎದ್ದು ಕೈ ತೊಳೆದು ಗ್ಯಾರೇಜಿಗೆ ಹೋದಳು. ಬಂದವಳ ಮುಖದಲ್ಲಿ ನಗು ಇರಲಿಲ್ಲ. ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಇರುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ ಅಂತ ವಿವರಿಸಿದಳು. ಡೀಸೆಲ್ಲಿನ ವಾಸನೆ ಬಾರದಿದ್ದರೆ ಅದೂ ಇಲ್ಲ ಅಂತ ತಿಳಿಯಬಾರದು. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಕೆಲವರು ಏಳುವುದಿಲ್ಲ. ಭಾವನಿಗೆ ನಿನ್ನೆ ಬಂದದ್ದು ಸುಖನಿದ್ದೆಯಲ್ಲ ಅಂದಳು. ಆವತ್ತೇ ರಾಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿಯೂ ಬಂದಳು. ದೇವರು ದೊಡ್ಡವನು, ಅಪಾಯವಿರಲಿಲ್ಲ.

 ಆಸ್ಪತ್ರೆಯಿಂದ ಬಂದ ಮೇಲೆ ಸತ್ಯವತಮ್ಮ, ಕಿರುಬಾಗಿಲ ಬದಲು ದೊಡ್ಡ ಬಾಗಿಲನ್ನೇ ಅರ್ಧ ತೆರೆದಿಟ್ಟರೆ ಆಗುವುದಿಲ್ಲವೇ ಅಂತ ಕೇಳಿದರು. ಆಗುವುದಿಲ್ಲ ಅಂದಳು ಆಶಾಲತಾ. ಪೂರ್ತಿ ತೆರೆದರೂ ಆಗುವುದಿಲ್ಲ. ಇದು ಮನೆಯಿಂದ ದೂರ, ಬಯಲಲ್ಲಿ ಇರಬೇಕು.

"ಬಯಲು ಅಂದ್ರೆ ಆ ಬೇಲಿ ಹತ್ತಿರ. ಅವಳು ಸುಮ್ಮನಿರ್ತಾಳಾ?"

"ಅಕ್ಕ, ನಿಮ್ಮ ಕಿರುಬಾಗಿಲಿನ ಎದುರಿಗೇ ಅವರ ಬೆಡ್‌ರೂಮಿನ ಕಿಟಕಿ ಉಂಟು. ತೆರೆದೇ ಉಂಟು, ಈಗ ನೋಡಿ ಬಂದೆ. ಸದ್ದು ಬೇಡ ಅಂತ ನೀವು ವಿಷ ಕಳಿಸ್ತಾ ಇದ್ದೀರಿ."

ಒಳಕೋಣೆಯಿಂದ ರಾಯರು ಕೇಳಿಸಿಕೊಳ್ಳುತ್ತಿದ್ದರು. ಒಂದೊಂದೇ ಮಾತು ಉಸಿರು ಹಿಡಿದು ಹೇಳಿದರು. "ನಾವು ಈ ಊರಲ್ಲಿ ನೆಂಟರ ಹಾಗೇ ಇದ್ದುಬಿಟ್ವಿ ಕಣೇ. ನೆಂಟರಾದೋರು ನೀರು ಕೇಳೋಕೂ ನಾಚ್ಕೋತಾರೆ. ಹೋಗು, ಕೇಳು."

ಜೊತೆಗೆ ಬರಲೇ ಅಂತ ಆಶಾಲತಾ ಕೇಳಿದಳು. ಬೇಡ ಅಂದು ಸತ್ಯವತಮ್ಮ ಸಂಜೆ ಒಬ್ಬರೇ ಹೋದರು. ಸೆರಗು ಸರಿಮಾಡಿಕೊಂಡು, ಹೇಳಬೇಕಾದ ಇಂಗ್ಲಿಷನ್ನು ದಾರಿಯುದ್ದಕ್ಕೂ ಉರುಹಾಕಿದರು. ದಾರಿ ಅಂದರೆ ಎಷ್ಟು, ಎರಡು ಹೂವಿನ ಪಾತಿ. ಬೆಲ್ಲು ಒತ್ತಿದರು. ಒಳಗೆ ಸದ್ದಾಗಲಿಲ್ಲ, ಕಿಟಕಿಯಲ್ಲಿ ಒಂದು ದೀಪ ಮಿಣುಕಿತು. ಇನ್ನೊಮ್ಮೆ ಒತ್ತಿದರು, ಇನ್ನೊಮ್ಮೆ ಮಿಣುಕಿತು. ಬಾಗಿಲು ತೆರೆದ ಮುದುಕಿ ಇವರ ಮುಖ ನೋಡಿ, ತನ್ನ ಕಿವಿಗೆ ಬೆರಳು ತೋರಿಸಿ, ದೊಡ್ಡ ಗಂಟಲಿನಲ್ಲಿ ಹೇಳಿದಳು: ನನಗೆ ಕಿವಿ ಕೇಳಿಸುವುದಿಲ್ಲ, ಎದುರು ನಿಂತು ನಿಧಾನವಾಗಿ ಮಾತಾಡು, ತುಟಿ ನೋಡಿ ತಿಳಿದುಕೊಳ್ಳುತ್ತೇನೆ.

 ಹನ್ನೊಂದು ವರ್ಷ ಮಿಕ್ಸಿಯ ಕೆಳಗೆ ಟವೆಲ್ಲು ಹಾಸಿದ್ದು ಈಕೆಗಾಗಿ.

ಮಿಸೆಸ್ ಸಿಲ್ವೇರಾ ಇನ್ನೂ ಒಂದು ಮಾತು ಹೇಳಿದಳು. "ನೀನು ಬೇಲಿ ಹತ್ತಿರ ಗಿಡಕ್ಕೆ ನೀರು ಹಾಕ್ತಾ ತುಟಿ ಅಲ್ಲಾಡಿಸೋದನ್ನ ನೋಡಿದೀನಿ. ಪ್ರಾರ್ಥನೆ ಮಾಡ್ತಿದೀಯ ಅಂತ ತಿಳಿದು, ನೋಡಬಾರದು ಅಂತ ಒಳಗೆ ಹೋಗ್ತಿದ್ದೆ."

ಸತ್ಯವತಮ್ಮ ಇಲ್ಲ ಅಂತ ತಲೆ ಅಲ್ಲಾಡಿಸಿದರು. ಅದು ಪ್ರಾರ್ಥನೆಯಲ್ಲ, ನಿನಗೇ ಹೇಳಿದ ಗುಡ್ ಮಾರ್ನಿಂಗ್ ಅಂತ ವಿವರಿಸುವುದಕ್ಕೆ ಇಂಗ್ಲಿಷು ಸಾಲಲಿಲ್ಲ. ಅವಳ ಕೈ ಹಿಡಿದು ತಮ್ಮ ಅಂಗಳಕ್ಕೆ ಕರೆತಂದು, ಗ್ಯಾರೇಜು ತೋರಿಸಿ, ಕೋಣೆಯಲ್ಲಿ ಮಲಗಿದ ಗಂಡನನ್ನು ತೋರಿಸಿದರು. ಮುದುಕಿಗೆ ತಿಳಿಯಿತು. ಅಂಗಳವನ್ನೆಲ್ಲ ಸುತ್ತಿ, ಎರಡು ಮನೆಯ ಕಿಟಕಿ ಬಾಗಿಲಿಗೂ ದೂರವಾದ ಹಿಂದಿನ ಮೂಲೆ ಹುಡುಕಿ, ಹಿಮ್ಮಡಿಯಿಂದ ನೆಲ ಕುಟ್ಟಿ ತೋರಿಸಿದಳು. ಇಲ್ಲಿ ಇಡು.

ಇನ್ನು ವೈರಿನ ಕೆಲಸ. ಇದನ್ನು ನಾವು ನಾವೇ ಮಾಡುವುದು ಬೇಡ ಅಂತ ಆಶಾಲತಾ ಹಟ ಹಿಡಿದಳು. ಸಿಟಿ ಆಫೀಸಿನಿಂದ ಪರ್ಮಿಟ್ಟು ತಂದರು. ಲೈಸೆನ್ಸು ಇರುವ ಎಲೆಕ್ಟ್ರಿಷಿಯನ್ನು ಬಂದ. ಅವನು ಮೊದಲು ಕಿತ್ತು ಹಾಕಿದ್ದು ಎರಡು ತುದಿಗೂ ಪಿನ್ನಿದ್ದ ಆ ವೈರನ್ನು. ಅದರಿಂದ ಜನರೇಟರಿನ ಕರೆಂಟು ಮನೆಯಿಂದ ಹಿಂದಕ್ಕೆ ಹರಿದು ಬೀದಿಯ ತಂತಿಗೆ ಹೋಗುತ್ತದೆ ಅಂದ. ಲೈನು ಸತ್ತಿದೆ ಅಂತ ನಂಬಿ ಕಂಬ ಹತ್ತಿದವನು ಅಲ್ಲೇ ಸಾಯುತ್ತಾನೆ. ಅದರ ಬದಲು ಒಂದು ಚೇಂಜ್ ಓವರ್ ಸ್ವಿಚ್ಚು ಕೂರಿಸಿದ. ಇತ್ತ ತಿರುಗಿಸಿದರೆ ಕಂಪನಿ ಕರೆಂಟು, ಅತ್ತ ತಿರುಗಿಸಿದರೆ ಜನರೇಟರು. ಎರಡೂ ಒಟ್ಟಿಗೆ ಸೇರುವ ದಾರಿಯೇ ಇಲ್ಲ.

ತೋಟದ ನಲ್ಲಿಯ ಬುಡ ಅಗೆದಾಗ ಕೆಳಗೆ ಪ್ಲಾಸ್ಟಿಕ್ ಪೈಪು ಸಿಕ್ಕಿತು. ಎರಡು ವರ್ಷದ ಹಿಂದೆ ರಿಪೇರಿಗೆ ಬಂದವರು ಹಾಕಿದ್ದು. ಮೇಲೆ ಕಬ್ಬಿಣ, ಕೆಳಗೆ ಪ್ಲಾಸ್ಟಿಕ್. ಅರ್ತಿಂಗು ಇದೆ ಅಂತ ನಂಬಿದ್ದ ತಂತಿ ನೆಲವನ್ನೇ ಮುಟ್ಟಿರಲಿಲ್ಲ. ಜನರೇಟರಿನ ಮೈಗೆ ಕರೆಂಟು ಇಳಿದಿದ್ದರೆ ಒದ್ದೆ ಕೈಯಲ್ಲಿ ಮುಟ್ಟಿದವರ ಜೀವವೇ ಹೋಗುತ್ತಿತ್ತು. ಎಲೆಕ್ಟ್ರಿಷಿಯನ್ನು ಎಂಟಡಿಯ ತಾಮ್ರದ ಸರಳನ್ನು ಪೂರ್ತಿ ನೆಲಕ್ಕೆ ಹೊಡೆದ. ಆ ಊರಿನ ಜೇಡಿಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಪಸೆ ಇರುವುದು ಆಳದಲ್ಲಿ. ತಾಮ್ರದ ತಂತಿಯನ್ನು ಕ್ಲ್ಯಾಂಪಿನಿಂದ ಬಿಗಿದು ಜನರೇಟರಿನ ಮೈಗೂ, ಮನೆಯ ಪ್ಯಾನೆಲ್ಲಿನ ಅರ್ತಿಗೂ ಸೇರಿಸಿ, ಮೀಟರಿಟ್ಟು ಅಳೆದು, ಸಿಟಿಯಿಂದ ಬಂದವರಿಗೆ ತೋರಿಸಿದ ಮೇಲೇ ಹೋದ. ಮೈಸೂರಿನಲ್ಲಾದರೆ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ದಿನಾ ಒಂದು ಚೊಂಬು ನೀರು ಹುಯ್ಯುತ್ತಿದ್ದೆವು ಅಂತ ರಾಯರು ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು.

ಜನರೇಟರು ಸಿಮೆಂಟಿನ ಕಟ್ಟೆಯ ಮೇಲೆ ಕೂತಿತು. ಮೇಲೆ ಮಳೆಗೆ ಒಂದು ಮಾಡು, ನಾಲ್ಕೂ ಕಡೆ ಬಯಲು, ಹೊಗೆಯ ಬಾಯಿ ಆಚೆಗೆ. ತಿಂಗಳಿಗೊಮ್ಮೆ ಸತ್ಯವತಮ್ಮ ಅದನ್ನು ಓಡಿಸಿ ನೋಡುತ್ತಿದ್ದರು. ಆರಿ ತಣ್ಣಗಾದ ಮೇಲೇ ಡೀಸೆಲ್ಲು ಹುಯ್ಯುತ್ತಿದ್ದರು. ಓಡಿಸಿದ ದಿನ ಮಿಸೆಸ್ ಸಿಲ್ವೇರಾ ಬೇಲಿಯ ಹಲಗೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದಳು. ಹಲಗೆ ನಡುಗುವುದು ಅವಳಿಗೆ ತಿಳಿಯುತ್ತಿತ್ತು. ಇದೆ, ಓಡುತ್ತಿದೆ ಅಂತ ತಲೆ ಆಡಿಸುತ್ತಿದ್ದಳು.

ಮುಂದಿನ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಬೀದಿಯ ಕರೆಂಟೆಲ್ಲ ಹೋಯಿತು. ಸತ್ಯವತಮ್ಮ ರಾಯರಿಗೆ ಸಿಲಿಂಡರು ಜೋಡಿಸಿ, ಕೊಡೆ ಹಿಡಿದು ಹೋಗಿ ಜನರೇಟರು ಶುರುಮಾಡಿ, ಸ್ವಿಚ್ಚು ತಿರುಗಿಸಿದರು. ಆಕ್ಸಿಜನ್ ಮಿಷನ್ನು ಮತ್ತೆ ಮಾತಾಡಿತು. ಕಿಟಕಿಯಿಂದ ನೋಡಿದರೆ ಬೀದಿಯ ಕಂಬದ ಮೇಲೆ ಹಳದಿ ಕೋಟಿನ ಒಬ್ಬ ಮಳೆಯಲ್ಲಿ ನೆನೆಯುತ್ತಾ ಕೆಲಸ ಮಾಡುತ್ತಿದ್ದ. ಅವನನ್ನು ನೋಡುವುದಕ್ಕೆ ಸತ್ಯವತಮ್ಮನಿಗೆ ಭಯವಾಗಲಿಲ್ಲ. ಕರೆಂಟಿಲ್ಲದ ತನ್ನ ಮನೆ ಬಿಟ್ಟು ಮಿಸೆಸ್ ಸಿಲ್ವೇರಾ ಬಂದಳು. ಮೂವರೂ ಒಟ್ಟಿಗೆ ಕೂತರು. ಮೂರು ಜನ ಕೂತರೂ ಆ ಮನೆ ದೊಡ್ಡದಾಗಿಯೇ ಇತ್ತು. ಆದರೆ ರಾಯರ ಉಸಿರು ಕೆಡಲಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕರೆಂಟಿನ ಮೇಲೆ ಉಸಿರು ಹಿಡಿದವರು ಇರಬಹುದು. ಜನರೇಟರು ತನ್ನಿ, ಆದರೆ ಗ್ಯಾರೇಜಿಗೆ ತರಬೇಡಿ, ಕಿಟಕಿಯ ಕೆಳಗೂ ಬೇಡ. ಅದು ಓಡುವಾಗ ತಲೆ ನೋವು ಬಂದರೆ ಉಪವಾಸದ ಮೇಲೆ, ಪಿತ್ತದ ಮೇಲೆ ಹಾಕಬೇಡಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಓಡಿ, ಆಮೇಲೆ ಸಹಾಯಕ್ಕೆ ಫೋನು ಮಾಡಿ. ನಲ್ಲಿಗೆ ತಂತಿ ಸುತ್ತಿ ಅರ್ತಿಂಗು ಆಯಿತು ಅನ್ನಬೇಡಿ. ಗೋಡೆಯ ಸಾಕೆಟ್ಟಿಗೆ ಜನರೇಟರು ಸಿಕ್ಕಿಸಬೇಡಿ, ಕಂಬದ ಮೇಲೆ ಇರುವವನಿಗೂ ಹೆಂಡತಿ ಮಕ್ಕಳಿದ್ದಾರೆ. ಬಲ್ಲವರನ್ನು ಕರೆಸಿ, ಪರ್ಮಿಟ್ಟು ಮಾಡಿಸಿ. ಎಲ್ಲಕ್ಕಿಂತ ಮೊದಲು ಪಕ್ಕದ ಮನೆಯ ಬೆಲ್ಲು ಒತ್ತಿ. ಇವತ್ತೇ ಒತ್ತಿ.

ರಘೋತ್ತಮರಾಯರು ಆಮೇಲೆ ಇನ್ನೂ ಒಂದು ಮಳೆಗಾಲ ಕಂಡರು. ಹೊಗೆ ಅವರನ್ನು ಒಯ್ಯಲಿಲ್ಲ, ಗಾಳಿಮಳೆ ಒಯ್ಯಲಿಲ್ಲ. ಹೊತ್ತು ತುಂಬಿದಾಗ, ಹೆಂಡತಿಯ ಕೈಯಿಂದ ಎರಡು ಚಮಚ ಗಂಜಿ ಕುಡಿದು, ತಾವಾಗಿಯೇ ಹೋದರು. ಅದು ಜ್ಯೇಷ್ಠ ಮಾಸದ ಒಂದು ಬುಧವಾರ, ಒಣಬಿಸಿಲು, ಬೀದಿಯಲ್ಲೆಲ್ಲ ಕರೆಂಟಿತ್ತು.