ಹಲೋ ಅಜ್ಜಿ ಆರಿಸಿಕೊಂಡ ಆರೈಕೆ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಬೀದಿಯಲ್ಲಿ ಹತ್ತು ಜನ ವೈದ್ಯರು ಹುಟ್ಟಿಕೊಳ್ಳುತ್ತಾರೆ. ಹೊಲಿಗೆ ಅಂಗಡಿಯ ಸೊಸೆಗೆ ಈ ಮಾತು ಚೆನ್ನಾಗಿ ಅನುಭವಕ್ಕೆ ಬಂದಿತ್ತು. ಪ್ಯಾಂಟಿಗೆ ಜಿಪ್ ಹಾಕಿಸಲು ಬಂದವರು, ಪರದೆ ಹೊಲಿಸಲು ಬಂದವರು, ಎಲ್ಲರೂ ಒಂದೊಂದು ಸಲಹೆ ಬಿಟ್ಟು ಹೋಗುತ್ತಿದ್ದರು. ಅವಳು ಹೂಂ ಹೂಂ ಎನ್ನುತ್ತಲೇ ಕಾಲಲ್ಲಿ ಮೆಷಿನ್ ತುಳಿಯುತ್ತಿದ್ದಳು. ಕಿವಿ ಮಾತ್ರ ಹಿಂದಿನ ಕೋಣೆಯ ಕಡೆಗಿರುತ್ತಿತ್ತು. ಅಲ್ಲಿ ಅವಳ ಅತ್ತೆ ಮಲಗಿದ್ದರು.

ಅತ್ತೆ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಯಾರೇ ಕರೆದರೂ "ಹಲೋ" ಎಂದೇ ಓಗೊಡುತ್ತಿದ್ದರು. ಅದಕ್ಕೇ ಬೀದಿಯ ಮಕ್ಕಳೆಲ್ಲ ಅವರನ್ನು ಹಲೋ ಅಜ್ಜಿ ಅನ್ನುತ್ತಿದ್ದರು. ಹೊಟ್ಟೆಯ ಕ್ಯಾನ್ಸರ್ ಬೆನ್ನುಮೂಳೆಗೂ ಹಬ್ಬಿತ್ತು. ಈಚೆಗೆ ಅವರು ಎಡಮಗ್ಗುಲಿಗೆ ಹೊರಳುವುದನ್ನೇ ಬಿಟ್ಟಿದ್ದರು.

ಆಸ್ಪತ್ರೆಯ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಕಾಯಿಲೇನ ವಾಸಿ ಮಾಡೋ ಔಷಧಿ ಇನ್ನು ನಮ್ಮ ಹತ್ರ ಇಲ್ಲ. ಆದ್ರೆ ನೋವಿಗೆ ಔಷಧಿ ಇದೆ, ವಾಂತಿಗೆ ಇದೆ, ಉಸಿರಾಟದ ಸಂಕಟಕ್ಕೂ ಇದೆ. ಹೀಗೆ ಕೊನೇವರೆಗೂ ನೋಡ್ಕೊಳ್ಳೋದನ್ನ ಹಾಸ್ಪೈಸ್ ಆರೈಕೆ ಅಂತಾರೆ. ಮನೆಗೇ ಬರ್ತಾರೆ. ಬೇಕಾದ್ರೆ ಅವರ ಕೇಂದ್ರದಲ್ಲೂ ಇಟ್ಕೋತಾರೆ. ಇಲ್ಲಿ ಎರಡು ಸಂಸ್ಥೆ ಇವೆ. ವಿಚಾರಿಸಿ ಆರಿಸ್ಕೊಳ್ಳಿ."

ಸೊಸೆಯ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆಗೆ ಬಂದವನೇ ಗುಡುಗಿದ. "ಅಂದ್ರೆ ಸಾಯೋಕೆ ಬಿಟ್ಬಿಡಿ ಅಂತ ತಾನೇ? ನಾಲ್ಕು ಜನ ಏನಂದಾರು? ಹೆತ್ತ ಅಮ್ಮನ್ನ ಕೈಬಿಟ್ಟ ಅನ್ನಲ್ವಾ?"

ಕೋಣೆಯಿಂದ ಅತ್ತೆಯ ದನಿ ಬಂತು. "ಲೋ, ನಾನಿನ್ನೂ ಲೈನಲ್ಲೇ ಇದೀನಿ ಕಣೋ. ನನ್ನನ್ನೂ ಒಂದು ಮಾತು ಕೇಳು. ನೋವು ತಿನ್ನೋದು ನಾನು, ಮಾನ ಹೋಗೋದು ನಿಂದಾ?"

ಆದರೂ ಮಗನ ಮನಸ್ಸು ಬದಲಾಗಲಿಲ್ಲ. ದಿನಗಳು ಹಾಗೇ ಉರುಳಿದವು. ಅತ್ತೆಯ ಊಟ ಚಮಚಗಳ ಲೆಕ್ಕಕ್ಕೆ ಇಳಿಯಿತು. ಸೊಸೆ ಹಾಸಿಗೆಯ ಹೊದಿಕೆ ಬದಲಿಸುವಾಗ ಅತ್ತೆ ತುಟಿ ಕಚ್ಚಿ ಹಿಡಿಯುವುದನ್ನು ಕಂಡಿದ್ದಳು. ಕೇಳಿದರೆ "ಏನಿಲ್ಲ ಬಿಡು" ಅನ್ನುತ್ತಿದ್ದರು.

ಅಮ್ಮನ ಊಟ ಇಳಿಯುತ್ತಿರುವುದನ್ನು ನೋಡಲಾರದೆ ಕೊನೆಗೆ ಗಂಡನೇ ಒಂದು ದಿನ ಹೇಳಿದ. "ಸರಿ, ಒಂದು ಕಡೆ ನೋಡ್ಕೊಂಡು ಬಂದಿದೀನಿ. ಮುಖ್ಯರಸ್ತೇಲಿ ದೊಡ್ಡ ಬೋರ್ಡ್ ಇದೆಯಲ್ಲ, ಅದೇ. ಗಾಜಿನ ಬಾಗಿಲು, ಒಳಗೆ ಬಣ್ಣಬಣ್ಣದ ಮೀನು, ನೆಲದಲ್ಲಿ ಮುಖ ಕಾಣುತ್ತೆ. ನಾಳೆ ಅವರ ಕಡೆಯೋರು ಬರ್ತಾರೆ."

ಬಂದವನು ಇಸ್ತ್ರಿ ಮುರಿಯದ ಅಂಗಿಯ ಯುವಕ. ಅತ್ತೆಯ ಮಂಚದ ಪಕ್ಕವೇ ನಿಂತು, ಅತ್ತೆಯನ್ನು ಬಿಟ್ಟು ಉಳಿದವರನ್ನೆಲ್ಲ ಮಾತಾಡಿಸಿದ. "ಪೇಷಂಟ್ ಊಟ ಮಾಡ್ತಾರಾ? ಪೇಷಂಟ್‌ಗೆ ನಿದ್ದೆ ಬರುತ್ತಾ?"

"ಪೇಷಂಟ್ ಇಲ್ಲೇ ಇದಾಳಪ್ಪ. ಮಾತೂ ಬರುತ್ತೆ," ಅಂದರು ಅತ್ತೆ.

ಯುವಕ ನಕ್ಕು ಫಾರಂ ಚಾಚಿದ. "ಸಾರ್, ಇವತ್ತೇ ಸಹಿ ಮಾಡಿದ್ರೆ ಒಳ್ಳೇದು. ಮಿಕ್ಕಿದ್ದೆಲ್ಲಾ ಆಮೇಲೆ ಮಾತಾಡೋಣ."

ಗಂಡ ಪೆನ್ನಿಗೆ ಕೈ ಹಾಕಿದ್ದ. ಅಷ್ಟರಲ್ಲಿ ಮೂಲೆಯ ಔಷಧಿ ಅಂಗಡಿಯವಳು ಮಾತ್ರೆಯ ಪೊಟ್ಟಣ ಕೊಡಲು ಬಂದಳು. ಬೀದಿಗೆಲ್ಲ ಅವಳು ಮೆಡಿಕಲ್ ಅಕ್ಕ. ಒಂದು ನಿಮಿಷ ನಿಂತು ಕೇಳಿಸಿಕೊಂಡಳು. ಆಮೇಲೆ ಯುವಕನಿಗೆ, "ಫಾರಂ ಇಟ್ಟು ಹೋಗಿ ತಮ್ಮಾ, ಓದಿ ಹೇಳ್ತಾರೆ," ಎಂದು ಅವನನ್ನು ಸಾಗಹಾಕಿದಳು.

ಗಂಡನಿಗೆ ಸಿಟ್ಟು ಬಂತು. "ಅಲ್ಲಕ್ಕಾ, ನಾನು ಒಪ್ಪಿದ್ದೇ ಹೆಚ್ಚು. ಈಗ ನೀನು ಅಡ್ಡಗಾಲು ಹಾಕ್ತೀಯಲ್ಲ?"

"ಬಸ್ಸಿಗೆ ಬ್ರೇಕ್ ಹಾಕೋವಾಗ ನೀನು ಡಬ್ಬದ ಬಣ್ಣ ನೋಡ್ತೀಯೋ, ಬ್ರೇಕ್ ಹಿಡಿಯುತ್ತೋ ಇಲ್ವೋ ನೋಡ್ತೀಯೋ?"

ಮೆಡಿಕಲ್ ಅಕ್ಕ ಸ್ಟೂಲ್ ಎಳೆದು ಕೂತಳು. "ನಮ್ಮ ಯಜಮಾನರನ್ನೂ ಹೀಗೇ ಒಂದು ಸಂಸ್ಥೆ ನೋಡ್ಕೊಳ್ತಿತ್ತು. ಅದು ಬೇರೆ ಊರು ಬಿಡು. ವಾರದ ದಿನಗಳಲ್ಲಿ ಎಲ್ಲಾ ಚೆನ್ನಾಗೇ ಇತ್ತು. ಒಂದು ಭಾನುವಾರ ನೋವು ಏರ್ತು ನೋಡು, ಮಂಚದ ಸರಳು ಹಿಡ್ಕೊಂಡು ಒದ್ದಾಡಿಬಿಟ್ರು. ಫೋನ್ ಮಾಡ್ದೆ, ಮಾಡ್ದೆ, ಮಾಡ್ತಾನೇ ಇದ್ದೆ. ಎತ್ತೋರಿಲ್ಲ. ಆಗ ಅಲ್ಲಿದ್ದ ನನ್ನ ಅಂಗಡಿ ತುಂಬಾ ಔಷಧಿ ಇತ್ತು ಕಣೋ. ಯಾವುದನ್ನ ಎಷ್ಟು ಕೊಡ್ಲಿ ಅಂತ ಹೇಳೋ ಬಾಯಿ ಒಂದೂ ಇರ್ಲಿಲ್ಲ."

ಮೆಡಿಕಲ್ ಅಕ್ಕ ಮಾತ್ರೆಯ ಪೊಟ್ಟಣವನ್ನು ಮಂಚದ ಪಕ್ಕ ಇಟ್ಟು ಮಾತು ಮುಂದುವರಿಸಿದಳು.

"ಎಲ್ಲಾ ಕಡೆ ಹೀಗೇ ಇರುತ್ತೆ ಅಂತಲ್ಲ. ಒಳ್ಳೆಯೋರು ಬೇಕಾದಷ್ಟು ಜನ ಇದಾರೆ. ಆದ್ರೆ ಸಹಿ ಹಾಕೋಕೆ ಮುಂಚೆ ಕೇಳ್ಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಯಾರು ಎತ್ತುತ್ತಾರೆ? ಬರೀ ಮಾತಾಡ್ತಾರೋ, ಮನೆಗೂ ಬರ್ತಾರೋ? ನೋವಿಗೆ ಗಟ್ಟಿ ಔಷಧಿ ಕೊಡೋ ಡಾಕ್ಟರ್ ಅವರ ಹತ್ರ ಇದಾರಾ? ಇದನ್ನೆಲ್ಲ ಕೇಳಿದ್ರೆ ಒಳ್ಳೆಯೋರಿಗೆ ಕೋಪ ಬರಲ್ಲ. ಕೋಪ ಬಂದ್ರೆ, ಅಲ್ಲೇ ಉತ್ತರ ಸಿಕ್ಕಿದ ಹಾಗೆ."

ಅತ್ತೆ ಕೈ ಚಾಚಿದರು. "ಭಾನುವಾರ ಮಧ್ಯಾಹ್ನ ಫೋನ್ ನನ್ನ ಕೈಗೆ ಕೊಡಿ. ಸೋಮವಾರ ಬೆಳಿಗ್ಗೆ ಎಲ್ಲರೂ ಎತ್ತುತ್ತಾರೆ. ಭಾನುವಾರ ಎತ್ತೋರು ಬೇಕು ನಮಗೆ."

ಭಾನುವಾರ ಸೊಸೆ ಅತ್ತೆಯ ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿದಳು. ಎಲ್ಲರಿಗೂ ಕೇಳಲಿ ಎಂದು ಫೋನಿನ ಸ್ಪೀಕರ್ ಹಾಕಿದಳು. ಮೊದಲು ದೊಡ್ಡ ಬೋರ್ಡಿನ ಸಂಸ್ಥೆಗೆ ಕರೆ ಹೋಯಿತು. ಒಂದಿಷ್ಟು ಸಂಗೀತ ಕೇಳಿಸಿತು. ಆಮೇಲೆ, ಕಚೇರಿ ವೇಳೆಯಲ್ಲಿ ಕರೆ ಮಾಡಿ ಎಂಬ ಯಂತ್ರದ ದನಿ. ಮತ್ತೆ ಮಾಡಿದರು. ಈ ಸಲ ಕಾವಲುಗಾರ ಎತ್ತಿದ. "ಯಾರೂ ಇಲ್ಲಮ್ಮ, ನಾಳೆ ಮಾಡಿ."

"ನಾಳೆ ತನಕ ನೋವನ್ನ ಹೋಲ್ಡ್‌ನಲ್ಲಿ ಇಡ್ಲೇನಪ್ಪ?" ಎಂದು ಕೇಳಿ ಅತ್ತೆ ಫೋನ್ ಇಟ್ಟರು. ಸೊಸೆಗೆ ನಗು ಬಂತು.

ಎರಡನೇ ಸಂಸ್ಥೆಗೆ ಕರೆ ಹೋಯಿತು. ಒಬ್ಬ ಹೆಂಗಸು ಬೇಗನೆ ಎತ್ತಿದಳು. "ಹಲೋ, ಡ್ಯೂಟಿ ನರ್ಸ್ ಮಾತಾಡ್ತಿದೀನಿ. ಹೇಳಿ."

"ನಿಮ್ಮ ಆರೈಕೆ ಹೇಗೆ ಅಂತ ವಿಚಾರಿಸ್ಬೇಕಿತ್ತು."

"ಆಗ್ಲಿ, ಎಲ್ಲಾ ಹೇಳ್ತೀನಿ. ಕಾಯಿಲೆ ಯಾರಿಗಮ್ಮ?"

"ನನಗೇ."

"ಈಗ, ನನ್ನ ಹತ್ರ ಮಾತಾಡ್ತಿರೋವಾಗ, ನೋವಿದೆಯಾ?"

ಆ ಪ್ರಶ್ನೆಗೆ ಅತ್ತೆ ಸಿದ್ಧರಿರಲಿಲ್ಲ. ತಾವು ಪರೀಕ್ಷೆ ಮಾಡಲು ಹೊರಟವರು. ಜೀವನವಿಡೀ ಬೇರೆಯವರ ಮಾತು ಜೋಡಿಸಿ ಕೊಟ್ಟವರಿಗೆ ಈಗ ತಮ್ಮದೇ ಮಾತು ಹೊರಡಲಿಲ್ಲ.

"ಇದೆ," ಅಂದರು ಕೊನೆಗೆ.

"ತಡೆಯೋಕೇ ಆಗದ ನೋವಿಗೆ ಹತ್ತು ಅಂತ ಇಟ್ಕೊಂಡ್ರೆ, ನಿಮ್ಮದು ಎಷ್ಟಿರಬಹುದು?"

"ಎಂಟು." ಮತ್ತೆ ಅವರೇ ಹೇಳಿದರು. "ತುಂಬಾ ದಿನದಿಂದ ಹೀಗೇ ಇದೆ. ಮನೇಲಿ ಹೇಳಿಲ್ಲ. ನನ್ನ ಮಗ ನೋಡೋಕೆ ಗಟ್ಟಿ, ಒಳಗೆ ಹೆದರುಪುಕ್ಕಲ."

ಬಾಗಿಲಿಗೆ ಒರಗಿ ನಿಂತಿದ್ದ ಗಂಡನನ್ನು ಸೊಸೆ ನೋಡಿದಳು. ದಿನಾ ಬೆಳಿಗ್ಗೆ ಅವನು "ಹೇಗಿದೀಯಮ್ಮ?" ಅಂತ ಕೇಳುತ್ತಿದ್ದ. "ಪರವಾಗಿಲ್ಲ" ಅನ್ನುವ ಉತ್ತರ ಹೊತ್ತುಕೊಂಡು ನೆಮ್ಮದಿಯಿಂದ ಡಿಪೋಗೆ ಹೋಗುತ್ತಿದ್ದ. ಈಗ ಅವನು ಗೋಡೆಯ ಕಡೆ ತಿರುಗಿ ನಿಂತ.

ಫೋನಿನಿಂದ ನರ್ಸ್ ಹೇಳುತ್ತಿದ್ದಳು. "ಎಂಟು ಅಂದ್ರೆ ನಾಳೆ ತನಕ ಕಾಯೋದು ಬೇಡಮ್ಮ. ನಿಮ್ಮ ಡಾಕ್ಟರ ನಂಬರ್ ಕೊಡಿ. ನಮ್ಮ ಡಾಕ್ಟರ್ ಅವರ ಹತ್ರ ಮಾತಾಡ್ತಾರೆ, ನಾನು ಸಂಜೆ ಬರ್ತೀನಿ. ನಮ್ಮನ್ನೇ ಆರಿಸ್ಕೋಬೇಕು ಅಂತೇನಿಲ್ಲ. ಮೊದಲು ನೋವು ಇಳೀಲಿ."

ಹೇಳಿದಂತೆ ಸಂಜೆ ಅವಳು ಬಂದಳು. ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಅತ್ತೆಯ ಮುಖಕ್ಕೆ ಮುಖ ಕೊಟ್ಟು ಕೂತಳು. ನೋವು ಎಲ್ಲಿ, ಎಂಥದು, ಯಾವಾಗ ಹೆಚ್ಚು ಅಂತ ಅವರನ್ನೇ ಕೇಳಿದಳು. ಬೆನ್ನು ನೋಡಿದಳು, ಬಾಯಿ ನೋಡಿದಳು, ಮಲಗಿ ಮಲಗಿ ಹುಣ್ಣಾಗಿದೆಯೇ ನೋಡಿದಳು. "ನಿಮಗೆ ಯಾವುದರ ಚಿಂತೆ ಹೆಚ್ಚು?" ಅಂತಲೂ ಕೇಳಿದಳು.

"ಉಸಿರು ಕಟ್ಟಿ ಸಾಯ್ತೀನೇನೋ ಅಂತ," ಅಂದರು ಅತ್ತೆ. ಆ ಮಾತನ್ನೂ ಮನೆಯವರು ಕೇಳುತ್ತಿದ್ದದ್ದು ಅದೇ ಮೊದಲು.

"ಹಾಗಾಗೇ ಆಗುತ್ತೆ ಅಂತಿಲ್ಲ. ಆದ್ರೂ ಅದಕ್ಕೆ ಔಷಧಿ ಇದೆ. ಮೊದಲೇ ತಂದಿಡ್ತೀವಿ, ಹೇಗೆ ಕೊಡೋದು ಅಂತ ನಿಮ್ಮ ಸೊಸೆಗೂ ಮಗನಿಗೂ ಕಲಿಸ್ತೀವಿ."

ಮೆಕ್ಯಾನಿಕ್ ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿ ಅಲ್ಲ. ಡಾಕ್ಟರು ನೋವಿಗೆ ಮಾರ್ಫಿನ್ ಬರೆದಿದ್ದಾರೆ ಎಂದು ನರ್ಸ್ ಅಂದ ಕೂಡಲೇ ಹುಬ್ಬು ಗಂಟಿಕ್ಕಿದ. "ಅದು ಚಟ ಹತ್ತಿಸುತ್ತಂತಲ್ಲ? ಬೇಗ ಸಾವು ತರುತ್ತಂತಲ್ಲ?"

"ತುಂಬಾ ಜನ ಹಾಗೇ ಅಂದ್ಕೋತಾರೆ," ಅಂದಳು ನರ್ಸ್. "ನೋವಿಗೆ ಅಂತ ಡಾಕ್ಟರ್ ಹೇಳಿದ ಅಳತೇಲಿ ಕೊಟ್ಟರೆ ಆ ಭಯ ಬೇಡ. ಸಣ್ಣ ಪ್ರಮಾಣದಿಂದ ಶುರು ಮಾಡ್ತೀವಿ, ನೋಡ್ತಾ ನೋಡ್ತಾ ಸರಿ ಮಾಡ್ತೀವಿ. ಮಲಬದ್ಧತೆ ಆಗುತ್ತೆ, ಅದಕ್ಕೂ ಔಷಧಿ ಜೊತೇಲೇ ಕೊಡ್ತೀವಿ. ಆದ್ರೆ ಇನ್ನೊಬ್ಬರಿಗೆ ಬರೆದದ್ದನ್ನ ತಂದು ಕೊಡೋದು, ನಮ್ಮನ್ನ ಕೇಳದೆ ಹೆಚ್ಚು ಕಡಿಮೆ ಮಾಡೋದು, ಖಂಡಿತಾ ಬೇಡ."

"ನಮ್ಮ ಕೈಲಿ ಆಗದೆ ಹೋದ್ರೆ ನಿಮ್ಮ ಕೇಂದ್ರಕ್ಕೆ ಕರ್ಕೊಂಡು ಹೋಗ್ತೀರಾ?" ಎಂದು ಅವನು ಕೇಳಿದ.

ನರ್ಸ್ ಸುಳ್ಳು ಭರವಸೆ ಕೊಡಲಿಲ್ಲ. "ನಮ್ಮಲ್ಲಿ ಹಾಸಿಗೆ ಕಡಿಮೆ. ಆ ದಿನವೇ ಸಿಗುತ್ತೆ ಅಂತ ಮಾತು ಕೊಡಲಾರೆ. ಸಿಗೋ ತನಕ ಮನೆಗೆ ಬರ್ತಾ ಇರ್ತೀವಿ. ಕೇಂದ್ರ ನೋಡ್ಬೇಕು ಅಂದ್ರೆ ಹೇಳದೆ ಕೇಳದೆ ಬಂದು ನೋಡಿ."

ಅವಳು ಹೋದ ಮೇಲೆ ಗಂಡ ಹೇಳಿದ. "ಆಗಲ್ಲ ಅನ್ನೋದನ್ನ ಆಗಲ್ಲ ಅಂದ್ಲು ನೋಡು. ಅದಕ್ಕೇ ನಂಬಿಕೆ ಬಂತು."

ಆದರೂ ಮರುದಿನ ಗಂಡ ಹೆಂಡತಿ ಇಬ್ಬರೂ ಹೇಳದೆ ಕೇಳದೆ ಹೋದರು. ಹಳೆಯ ಕಟ್ಟಡ, ಗೋಡೆಯ ಬಣ್ಣ ಮಾಸಿತ್ತು. ಒಬ್ಬ ಮುದುಕರು ಕರೆಗಂಟೆ ಒತ್ತಿದರು. ಸಹಾಯಕಿ ಕೈಲಿದ್ದ ಬಕೆಟ್ ಇಟ್ಟು ಕೂಡಲೇ ಬಂದಳು. ಹೊದಿಕೆಗಳು ಶುಚಿಯಾಗಿದ್ದವು, ಕೆಟ್ಟ ವಾಸನೆ ಇರಲಿಲ್ಲ. ಮೈ ಒರೆಸುವಾಗ ಪರದೆ ಎಳೆದುಕೊಳ್ಳುತ್ತಿದ್ದರು. ಹೊರಗಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ಹೆಂಗಸನ್ನು ಸೊಸೆ ಮೆಲ್ಲಗೆ ವಿಚಾರಿಸಿದಳು. "ನಮ್ಮ ಅಣ್ಣ ಇಲ್ಲಿದಾನೆ. ರುಚಿ ರುಚಿ ಅಡುಗೆ ನಿರೀಕ್ಷೆ ಮಾಡ್ಬೇಡಿ, ಉಪ್ಪು ಕಮ್ಮಿ," ಎಂದು ಅವಳು ನಕ್ಕಳು. "ಆದ್ರೆ ಅವನು ನರಳೋದು ನಿಂತಿದೆ."

ದೊಡ್ಡ ಬೋರ್ಡಿನವರ ಫಾರಂ ಖಾಲಿಯಾಗಿಯೇ ವಾಪಸ್ಸಾಯಿತು. ಎರಡನೇ ಸಂಸ್ಥೆಯ ಕಾಗದಕ್ಕೆ ಅತ್ತೆಯೇ ಸಹಿ ಹಾಕಿದರು.

ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು ಅಂದರೆ ಸುಳ್ಳಾದೀತು. ಒಂದು ದಿನ ಬರಬೇಕಾದ ಹೊಸ ನರ್ಸ್ ಬರಲಿಲ್ಲ, ತಿಳಿಸಲೂ ಇಲ್ಲ. "ನಮ್ಮದೇ ಆಯ್ಕೆ, ಹೇಗೆ ದೂರೋದು?" ಎಂದು ಸೊಸೆ ಹಿಂಜರಿದಳು. ಗಂಡ ಫೋನ್ ಮಾಡಿಯೇ ಬಿಟ್ಟ. ಮೇಲ್ವಿಚಾರಕಿ ನೆಪ ಹೇಳದೆ ತಪ್ಪು ಒಪ್ಪಿಕೊಂಡಳು, ಅಂದೇ ಬೇರೆಯವರನ್ನು ಕಳಿಸಿದಳು. ಆಮೇಲೆ ಹಾಗಾಗಲಿಲ್ಲ. ಮತ್ತೆ ಮತ್ತೆ ಆಗಿದ್ದರೆ ಸಂಸ್ಥೆ ಬದಲಿಸುವ ಹಕ್ಕು ತಮಗಿದೆ ಎಂದು ಅವರು ಮೊದಲೇ ಕೇಳಿ ತಿಳಿದಿದ್ದರು.

ಅತ್ತೆಯ ನೋವು ಎಂಟರಿಂದ ಮೂರಕ್ಕೆ, ಎರಡಕ್ಕೆ ಇಳಿಯಿತು. ಎಡಮಗ್ಗುಲಿಗೂ ಹೊರಳಿ ಮಲಗಿದರು. ಮಗ ಡಿಪೋದಿಂದ ಬಂದು ಅವರ ಕಾಲಿಗೆ ಎಣ್ಣೆ ಸವರುತ್ತ ಕೂರುತ್ತಿದ್ದ. ಚಿಕ್ಕವನಿದ್ದಾಗ ತಾನು ಬಿಚ್ಚಿ ಹಾಕಿದ ಗಡಿಯಾರಗಳ ಕಥೆ ಹೇಳಿ ನಗಿಸುತ್ತಿದ್ದ. ಮೊದಲಿನಂತೆ ನೋವು ಅಡಗಿಸಿ ನಗಬೇಕಾಗಿರಲಿಲ್ಲ ಅವರಿಗೆ.

ಒಂದು ಮುಂಜಾನೆ ಅವರ ಉಸಿರು ಬದಲಾಯಿತು. ಕಲಿಸಿದಂತೆ ಸೊಸೆ ನಾಲಿಗೆಯ ಕೆಳಗೆ ಔಷಧಿ ಹಾಕಿದಳು. ಗಂಡ ಫೋನ್ ಮಾಡಿದ, ನರ್ಸ್ ಬಂದಳು. ಯಾರೂ ಗಾಬರಿಯಾಗಲಿಲ್ಲ. ಉಸಿರು ನಿಧಾನವಾಯಿತು, ಹಗುರಾಯಿತು, ನಿಂತಿತು. ಮಗನ ಕೈ ಅವರ ಹಣೆಯ ಮೇಲಿತ್ತು.

ಕೆಲವು ವಾರಗಳ ನಂತರ ನರ್ಸ್ ಮತ್ತೆ ಬಂದಳು. ಈ ಸಲ ಕೈಯಲ್ಲಿ ಔಷಧಿಯ ಚೀಲವಿರಲಿಲ್ಲ. "ನೀವಿಬ್ಬರೂ ಹೇಗಿದೀರಿ?" ಅಂತ ಕೇಳಲೆಂದೇ ಬಂದಿದ್ದಳು. ಎಂದೂ ಅಳದ ಮೆಕ್ಯಾನಿಕ್ ಅವಳೆದುರು ಮನಸಾರೆ ಅತ್ತ. "ಅಮ್ಮನ್ನ ಕೈಬಿಡ್ತಿದೀನಿ ಅಂದ್ಕೊಂಡಿದ್ದೆ ಸಿಸ್ಟರ್. ಕೊನೇ ತನಕ ಕೈ ಹಿಡ್ಕೊಂಡೇ ಇದ್ದೆ," ಅಂದ.

ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇಂಥ ದಿನ ಯಾರ ಮನೆಗೂ ಬಾರದೆ ಇರದು. ಬಂದಾಗ ಬೋರ್ಡ್ ನೋಡಿ ಮರುಳಾಗಬೇಡಿ. "ಇವತ್ತೇ ಸಹಿ ಹಾಕಿ" ಎಂಬ ಅವಸರಕ್ಕೆ ಬಗ್ಗಬೇಡಿ. ರಜಾದಿನ ಫೋನ್ ಮಾಡಿ ನೋಡಿ. ಹೇಳದೆ ಹೋಗಿ ಜಾಗ ನೋಡಿ. ಅಲ್ಲಿ ಆರೈಕೆ ಪಡೆದ ಮನೆಯವರನ್ನು ಮಾತಾಡಿಸಿ. ನೋವಿಗೆ ಏನು ಮಾಡುತ್ತಾರೆ, ಯಾರು ಬರುತ್ತಾರೆ, ಖರ್ಚೇನು, ನಿಮಗೆ ಏನು ಕಲಿಸುತ್ತಾರೆ, ಆಮೇಲೆ ಮನೆಯವರನ್ನು ವಿಚಾರಿಸುತ್ತಾರೆಯೇ ಎಂದು ಬಾಯಿಬಿಟ್ಟು ಕೇಳಿ. ಅವರು ಕಾಯಿಲೆಯವರನ್ನು ನೇರವಾಗಿ ಮಾತಾಡಿಸುತ್ತಾರೋ ಇಲ್ಲವೋ ಗಮನಿಸಿ.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಇವತ್ತು ಮನೆಗೆ ಹೋಗಿ ಹಾಸಿಗೆಯಲ್ಲಿರುವ ನಿಮ್ಮವರ ಪಕ್ಕ ಕೂತು, "ನೋವು ಎಷ್ಟಿದೆ?" ಅಂತ ಕೇಳಿ. "ಪರವಾಗಿಲ್ಲ" ಅಂದರೆ ಎದ್ದು ಹೋಗಬೇಡಿ. ಇನ್ನೊಂದು ಸಲ ಕೇಳಿ.