ಮೂರನೆಯವರಿಗೆ ಮಾತ್ರ ವಿಮೆ

ಹೆಂಗಸು ಮೋಟಾರ್ ಸೈಕಲ್ ಬಿಡಬಾರದೆಂದು ಯಾವ ಕಾನೂನಿನಲ್ಲಿ ಬರೆದಿದೆ ಎಂದು ನಾನು ಆ ವರ್ಷ ಕಂಡಕಂಡವರನ್ನೆಲ್ಲ ಕೇಳಿದೆ. ಬೆಳ್ತಂಗಡಿಯ ಬ್ಲಾಕ್ ಆಫೀಸಿನಲ್ಲಿ ಕೇಳಿದೆ, ಮಂಗಳೂರಿನಲ್ಲಿ ಲೈಸೆನ್ಸು ಕೊಡುವ ಇನ್‌ಸ್ಪೆಕ್ಟರನ್ನು ಕೇಳಿದೆ, ನಮ್ಮ ಶಿರ್ತಾಡಿಯ ಬಸ್ಸಿನ ಕಂಡಕ್ಟರನ್ನೂ ಬಿಡಲಿಲ್ಲ. ಒಬ್ಬರೂ ತೋರಿಸಲಿಲ್ಲ. ಎಲ್ಲರೂ ನಕ್ಕರು. ನಗುವವರು ನಗಲಿ, ನಗುವಿಗೆ ಸರಕಾರದ ಮೊಹರು ಇಲ್ಲವಲ್ಲ ಎಂದು ನಾನು ನನ್ನ ಕೆಲಸ ನೋಡಿಕೊಂಡೆ.

ಅದು ೧೯೬೪. ನಾನು ಕಾಂತಿ, ಬ್ಲಾಕಿನ ಗ್ರಾಮಸೇವಿಕೆ. ಹಳ್ಳಿಹಳ್ಳಿಗೆ ಹೋಗಿ ಹೊಗೆ ಕಾರದ ಒಲೆ ಹಾಕಿಸುವುದು, ಬಾಣಂತಿಯರಿಗೆ ಊಟದ ವಿಷಯ ಹೇಳುವುದು, ಹಿತ್ತಿಲಲ್ಲಿ ತರಕಾರಿ ಬೆಳೆಸಲು ಕಲಿಸುವುದು ನನ್ನ ಉದ್ಯೋಗ. ಬಸ್ಸು ಮುಖ್ಯ ಮಾರ್ಗ ಬಿಟ್ಟು ಒಳಗೆ ಬರುತ್ತಿರಲಿಲ್ಲ, ಉಳಿದದ್ದೆಲ್ಲ ಕಾಲ್ನಡಿಗೆ. ಜೊತೆಯಲ್ಲಿದ್ದ ಗಂಡಸರಿಗೆ ಸೈಕಲ್ಲು ಕೊಟ್ಟಿದ್ದರು, ಆಫೀಸರರಿಗೆ ಜೀಪು ಇತ್ತು, ನನಗೆ ಒಂದು ಬಟ್ಟೆಯ ಚೀಲ ಕೊಟ್ಟಿದ್ದರು.

ಜೀಪಿನ ಡ್ರೈವರ್ ಡೊಂಬಯ್ಯ ಮಾತ್ರ ನಗಲಿಲ್ಲ. ತನ್ನ ಭಾವನ ಹಳೆಯ ಗಾಡಿ ತಂದು, ಕೊಯ್ಲು ಮುಗಿದು ಒಣಗಿದ ಗದ್ದೆಯಲ್ಲಿ ನನಗೆ ಬಿಡಲು ಕಲಿಸಿದ. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೆಂಗಸರು ಸೀರೆ ಎತ್ತಿ ಕಚ್ಚೆ ಕಟ್ಟುತ್ತಾರಲ್ಲ, ನಾನೂ ಹಾಗೆಯೇ ಕಟ್ಟಿಕೊಂಡೆ. ಕೆಸರಿನಲ್ಲಿ ಆ ಕಚ್ಚೆ ಕಂಡರೆ ಯಾರ ಮರ್ಯಾದೆಯೂ ಹೋಗುವುದಿಲ್ಲ; ಮೋಟಾರ್ ಸೈಕಲಿನ ಮೇಲೆ ಕಂಡರೆ ಊರಿಗೇ ನಾಚಿಕೆ. ಇನ್‌ಸ್ಪೆಕ್ಟರು ಗಂಡಸರಿಗೆ ಎಂಟರ ಆಕಾರದಲ್ಲಿ ಒಂದು ಸಲ ತಿರುಗಿ ಬರಲು ಹೇಳಿದರೆ, ನನಗೆ ಸುಸ್ತಾಗುವವರೆಗೂ ತಿರುಗಲು ಹೇಳಿದರು. ಕೊನೆಗೆ ಸುಸ್ತಾದದ್ದು ಅವರಿಗೆ. ಲೈಸೆನ್ಸು ಕೊಟ್ಟರು.

ಗಾಡಿ ಆರಿಸಲು ಪಾಣೆಮಂಗಳೂರಿನ ಅಬ್ದುಲ್ ಸಮದರ ಅಂಗಡಿಗೆ ಹೋದೆ. ಘಾಟಿಯ ಮೇಲಿನ ಕಾಫಿ ತೋಟದವರು ಮಾರಿದ ಗಾಡಿಗಳನ್ನು ಅವರು ರಿಪೇರಿ ಮಾಡಿ ಮಾರುತ್ತಿದ್ದರು. ಓದಿದ ಹೆಂಗಸರೆಲ್ಲ ಅವರ ಪಾಲಿಗೆ ಟೀಚರೇ.

"ಇದು ನೋಡಿ ಟೀಚರೇ, ಲ್ಯಾಂಬ್ರೆಟಾ ಸ್ಕೂಟರು. ನಿಮ್ಮ ಸೀರೆಗೆ ಹೇಳಿ ಮಾಡಿಸಿದ್ದು. ಕಾಲು ಆಚೆ ಹಾಕುವ ತಾಪತ್ರಯವೇ ಇಲ್ಲ."

"ಇಷ್ಟು ಸಣ್ಣ ಚಕ್ರ. ಗುಂಡಿಗೆ ಬಿದ್ರೆ?"

"ಗುಂಡಿಗೆ ಯಾಕೆ ಬೀಳ್ಬೇಕು ಮಾರಾಯ್ರೆ?"

"ನಾನು ಹೋಗುವ ಊರುಗಳಲ್ಲಿ ಗುಂಡಿಯೇ ಮಾರ್ಗ, ಸಾಹುಕಾರ್ರೇ."

ಪಕ್ಕದಲ್ಲಿ ಒಂದು ಹಳೆಯ ಬಿ.ಎಸ್.ಎ. ನಿಂತಿತ್ತು. ಶಬ್ದ ಚೆನ್ನಾಗಿತ್ತು, ಹೊಟ್ಟೆಯೊಳಗೆ ಇಳಿಯುವಂಥ ಶಬ್ದ. ಸ್ಟ್ಯಾಂಡಿನಿಂದ ಇಳಿಸಿ ಮೆಲ್ಲನೆ ನೆಲಕ್ಕೆ ಮಲಗಿಸಿದೆ. ಸಮದರು "ಯಾ ಅಲ್ಲಾ!" ಎಂದು ಓಡಿ ಬಂದರು.

"ಬೀಳಿಸಿದ್ದಲ್ಲ, ಮಲಗಿಸಿದ್ದು" ಎಂದೆ. "ಕಾಡಿನ ನಡುವೆ ಬಿದ್ರೆ ಎತ್ತಲಿಕ್ಕೆ ನೀವು ಬರ್ತೀರಾ? ನಾನೇ ಎತ್ತಬೇಕಲ್ಲ."

ಹಲ್ಲು ಕಚ್ಚಿ ಎತ್ತಿದೆ. ಸೊಂಟದವರೆಗೆ ಬಂತು, ಅಲ್ಲಿಂದ ಮೇಲೆ ಬರಲಿಲ್ಲ. ಸಮದರೂ ಅವರ ಕೆಲಸದವನೂ ಸೇರಿ ನಿಲ್ಲಿಸಿದರು. ಮೂರನೆಯದು ಮೈಸೂರಿನಿಂದ ಬಂದ ಜಾವಾ, ಕಪ್ಪಿಗೆ ತಿರುಗಿದ ಕುಂಕುಮದ ಬಣ್ಣ, ಕಿಕ್ಕಿಗೂ ಗೇರಿಗೂ ಒಂದೇ ಕೋಲು. ಅದನ್ನೂ ಮಲಗಿಸಿದೆ. ಸಮದರು ಕಣ್ಣು ಮುಚ್ಚಿಕೊಂಡರು. ಮೊಣಕಾಲು ಊರಿ, ಹ್ಯಾಂಡಲು ತಿರುಗಿಸಿ ಎತ್ತಿದೆ. ನಿಂತಿತು. ಮತ್ತೊಮ್ಮೆ ಮಲಗಿಸಿ ಮತ್ತೊಮ್ಮೆ ಎತ್ತಿದೆ.

"ಇದು ನನ್ನದು" ಎಂದೆ.

"ನಿಮ್ಮದೇ. ಇನ್ನು ಮಲಗಿಸಬೇಡಿ, ನನ್ನ ಎದೆ ನಿಂತು ಹೋಗ್ತದೆ" ಎಂದರು ಸಮದರು. "ಆದ್ರೆ ಇನ್ಶೂರೆನ್ಸಿನ ಕಾಗದ ಇಲ್ಲದೆ ಗಾಡಿ ನನ್ನ ಅಂಗಡಿ ಬಿಟ್ಟು ಹೊರಡ್ಲಿಕ್ಕಿಲ್ಲ. ಒಮ್ಮೆ ಕೊಟ್ಟು ಪೋಲೀಸ್ ಸ್ಟೇಷನಿನ ಮೆಟ್ಟಿಲು ಸವೆಸಿದ್ದು ಸಾಕು. ನಾಳೆ ಸಂಜೆಯ ಒಳಗೆ ತನ್ನಿ. ಇದನ್ನು ಒಬ್ಬ ಕಂಟ್ರಾಕ್ಟರೂ ಕೇಳಿ ಹೋಗಿದ್ದಾರೆ."

ಸುದ್ದಿ ನನಗಿಂತ ಮೊದಲು ಶಿರ್ತಾಡಿ ಮುಟ್ಟಿತ್ತು. ಮನೆಯಲ್ಲಿ ನನ್ನ ಸೋದರಮಾವ ಮುಂಡಪ್ಪ ಶೆಟ್ಟರು ಜಗಲಿಯಲ್ಲಿ ಕುಳಿತು ಕಾಯುತ್ತಿದ್ದರು.

ನಮ್ಮದು ಅಳಿಯಸಂತಾನದ ಮನೆ. ಕುಟುಂಬವೆನ್ನುವುದು ತಾಯಿಯಿಂದ ಮಗಳಿಗೆ ಹೋಗುತ್ತದೆ. ಗಂಡುಮಕ್ಕಳಿಗೆ ಹುಟ್ಟಿದವರು ಅವರವರ ತಾಯಿಯ ಕುಟುಂಬಕ್ಕೆ ಸೇರುತ್ತಾರೆ. ಯಜಮಾನಿಕೆ ಮಾವನದ್ದು, ಆದರೆ ಮಾವನ ಸ್ವಂತ ಮಕ್ಕಳಿಗೆ ನಮ್ಮಲ್ಲಿ ಪಾಲಿಲ್ಲ. ಕಾನೂನು ಬದಲಾಗಿದೆಯೆಂದು ಪೇಪರಿನಲ್ಲಿ ಬಂದಿತ್ತು. ಮಾವನ ತಲೆಯಲ್ಲಿ ಬದಲಾಗಿರಲಿಲ್ಲ. ನನ್ನ ಅಣ್ಣಂದಿರು ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದರು, ಅವರಿಗೆ ಎಷ್ಟು ಮಕ್ಕಳಾದರೂ ನಮ್ಮ ಲೆಕ್ಕಕ್ಕಿಲ್ಲ. ಅಮ್ಮನಿಗೆ ಅಕ್ಕತಂಗಿಯರಿಲ್ಲ. ಹೀಗಾಗಿ ಇಡೀ ಕುಟುಂಬ ಮುಂದಕ್ಕೆ ಹೋಗಲು ಉಳಿದಿದ್ದ ದಾರಿ ನಾನೊಬ್ಬಳೇ. ನಾನು ಹೆತ್ತರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಮ್ಮಲ್ಲಿ ಹೆಣ್ಣಿಗೆ ಎಷ್ಟು ಬೆಲೆ ಎಂದು ಹೊರಗಿನವರು ಹೊಗಳುತ್ತಾರೆ. ಬೆಲೆ ಹೌದು. ಬಿತ್ತನೆಯ ಭತ್ತಕ್ಕೂ ಬೆಲೆ ಉಂಟು. ಅದನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಅಟ್ಟದಲ್ಲಿ ಇಡುತ್ತಾರೆ.

ಮಾವ ಕೆಟ್ಟವರಲ್ಲ. ಹಟ ಹಿಡಿದು ನನ್ನನ್ನು ಓದಿಸಿದವರೇ ಅವರು. ಆದರೆ ನಾನು ಹೊಳೆಗೆ ಇಳಿಯಬಾರದು, ಮರ ಹತ್ತಬಾರದು. ನನಗೆ ಜ್ವರ ಬಂದರೆ ಅದು ಕುಟುಂಬಕ್ಕೆ ಬಂದ ಜ್ವರ.

"ಆ ಗಾಡಿ ಬೇಡ ಮಗಾ" ಎಂದರು.

"ಯಾಕೆ ಮಾವ?"

"ನಿನಗೆ ಏನಾದ್ರೂ ಆದ್ರೆ ಈ ಕುಟುಂಬದ ಗತಿ ಏನು?"

"ಬಸ್ಸು ಮಗುಚಿದ್ರೂ ಆಗ್ಬಹುದಲ್ಲ."

"ಬಸ್ಸು ನೀನು ಬಿಡುವುದಲ್ಲ ಅಲ್ವಾ?"

ಒಳಗಿನಿಂದ ಅಮ್ಮ ಜಲಜಾಕ್ಷಿ ತಮ್ಮ ತೀರ್ಪು ಕೊಟ್ಟರು: "ಮದುವೆಯಾಗಿ ಒಂದು ಹೆಣ್ಣು ಹೆತ್ತು ಕೊಡು. ಮತ್ತೆ ವಿಮಾನ ಬೇಕಾದ್ರೂ ಬಿಡು."

ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಒಂದು ಹೆತ್ತು ಕೊಟ್ಟ ಮೇಲೆ ನಾನು ಎಲ್ಲಿ ಬಿದ್ದು ಸತ್ತರೂ ನಡೆಯುತ್ತದೆ ಎಂದೇ ಅದರ ಅರ್ಥ. ಹಾಗೆ ಅರ್ಥವಾಗುತ್ತದೆಂದು ಅಮ್ಮನಿಗೆ ಗೊತ್ತೂ ಇರಲಿಲ್ಲ. ನಾನು ಊಟ ಬಿಡಲಿಲ್ಲ. ಸಿಟ್ಟಿಗೆ ಎರಡು ತುತ್ತು ಹೆಚ್ಚೇ ಉಂಡೆ.

ಮರುದಿನ ಮೊದಲ ಬಸ್ಸಿಗೆ ಬಂಟ್ವಾಳಕ್ಕೆ ಹೊರಟೆ. ವಿಮಾ ಏಜೆಂಟ್ ರಮಾನಾಥರ ಆಫೀಸು ಪೇಟೆಯಲ್ಲಿ ಒಂದು ಬಟ್ಟೆಯಂಗಡಿಯ ಮಹಡಿಯ ಮೇಲಿತ್ತು. ಸಭ್ಯ ಮನುಷ್ಯ. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಕಾಗದ ತೆಗೆದರು.

"ಗಾಡಿ ಓಡಿಸುವವರ ಹೆಸರು?"

"ಕಾಂತಿ."

"ಅದು ಮಾಲಕರದ್ದು ಆಯಿತು. ಓಡಿಸುವವರದ್ದು?"

ಲೈಸೆನ್ಸು ಮೇಜಿನ ಮೇಲಿಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಎಲ್ಲಾದರೂ ಒಬ್ಬ ಗಂಡಸು ಅಡಗಿ ಕುಳಿತಿರಬಹುದೇ ಎಂದು ಹುಡುಕಿದರೇನೋ.

"ನಿಮ್ಮ ಕುಟುಂಬದ ಯಜಮಾನರ ಒಂದು ರುಜು ಇದ್ದಿದ್ರೆ ಒಳ್ಳೆಯದಿತ್ತು" ಎಂದರು.

"ಕಾನೂನಿನಲ್ಲಿ ಉಂಟಾ?"

"ಕಾನೂನಿನಲ್ಲಿ ಇಲ್ಲ. ಆದ್ರೂ..."

ಆ 'ಆದ್ರೂ' ಮುಗಿಯುವ ಮೊದಲೇ ಮಹಡಿಯ ಮೆಟ್ಟಿಲಿನಲ್ಲಿ ಕೊಡೆ ಊರುವ ಸದ್ದಾಯಿತು. ಮಾವ ಮುಂದಿನ ಬಸ್ಸಿಗೆ ಬಂದಿದ್ದರು. ಏದುಸಿರು ಬಿಡುತ್ತ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಅವರು ಬೇಡವೆನ್ನಲಿಲ್ಲ.

"ಈ ವಿಮೆ ಮಾಡಿದ ಮೇಲೆ ಇವಳಿಗೆ ಪೆಟ್ಟಾದ್ರೆ ಏನು ಸಿಗ್ತದೆ?" ಎಂದು ರಮಾನಾಥರನ್ನು ಕೇಳಿದರು.

"ಇವರಿಗೆ ಏನೂ ಸಿಗುವುದಿಲ್ಲ ಶೆಟ್ರೇ. ಸರಕಾರ ಕಡ್ಡಾಯ ಮಾಡಿದ್ದು ಮೂರನೆಯವರ ವಿಮೆ. ಅಂದ್ರೆ ಇವರು ಯಾರಿಗಾದ್ರೂ ಗುದ್ದಿದ್ರೆ ಅವರಿಗೆ ಪರಿಹಾರ."

ಮಾವ ಕೊಡೆಯನ್ನು ಮೊಣಕಾಲಿಗೆ ಒರಗಿಸಿದರು. "ಮಾರ್ಗದಲ್ಲಿ ಹೋಗುವ ಯಾರೋ ಒಬ್ಬನಿಗೆ ಸಿಗ್ತದೆ, ನಮ್ಮ ಹುಡುಗಿಗೆ ಇಲ್ಲ! ಇದು ಎಲ್ಲಿಯ ನ್ಯಾಯ ಮಾರಾಯ್ರೆ?"

ರಮಾನಾಥರ ಮುಖ ಅರಳಿತು. ಓಡಿಸುವವರ ಮೇಲೆಯೇ ಇನ್ನೊಂದು ಪಾಲಿಸಿ ಮಾಡಬಹುದೆಂದು ಡ್ರಾಯರಿನಿಂದ ಅಚ್ಚಾದ ಹಾಳೆಯೊಂದನ್ನು ತೆಗೆದರು. ಜೀವ ಹೋದರೆ ಪೂರ್ತಿ. ಎರಡು ಕಣ್ಣು ಹೋದರೆ ಪೂರ್ತಿ. ಒಂದು ಕೈಗೆ ಅರ್ಧ, ಒಂದು ಕಾಲಿಗೆ ಅರ್ಧ, ಹೆಬ್ಬೆರಳಿಗೆ ಕಾಲು ಭಾಗ. ಮಾವ ತಲೆಯಾಡಿಸುತ್ತ ಕೇಳಿದರು. ನಾನು ನನ್ನ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ, ಯಾಕೆಂದು ತಿಳಿಯದು.

"ಇದನ್ನು ಮಾಡಿ" ಎಂದರು ಮಾವ. "ದುಡ್ಡು ಕುಟುಂಬಕ್ಕೆ ಬರುವ ಹಾಗೆ ಬರೀರಿ. ಇದೊಂದು ಆದ್ರೆ ಆ ಗಾಡಿಗೂ ನಾನು ರುಜು ಹಾಕ್ತೇನೆ." ನನ್ನ ಕಡೆ ತಿರುಗಿ, "ಆಯ್ತಲ್ಲ ಮಗಾ? ಇನ್ನು ಜಗಳ ಇಲ್ಲ" ಎಂದರು.

ನಿಜ ಹೇಳುತ್ತೇನೆ, ಆ ಕ್ಷಣ ನಾನು ಮೆತ್ತಗಾದೆ. ಒಂದು ಕಾಗದ ಹೆಚ್ಚು ಇದ್ದರೆ ಏನು, ಮನೆಯಲ್ಲಿ ಸಮಾಧಾನ ಉಳಿಯುತ್ತದಲ್ಲ ಎನಿಸಿತು. ಹೂಂ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಾವ ಗಂಟಲು ಸರಿಮಾಡಿಕೊಂಡು ಏಜೆಂಟರ ಕಡೆ ಬಾಗಿದರು.

"ಮತ್ತೆ... ಗರ್ಭಕ್ಕೆ ಎಷ್ಟು?"

"ಏನು ಶೆಟ್ರೇ?"

"ಮಕ್ಕಳಾಗದ ಹಾಗೆ ಪೆಟ್ಟಾದ್ರೆ ಎಷ್ಟು ಅಂತ ಕೇಳಿದ್ದು."

ರಮಾನಾಥರು ಕೆಂಪಾದರು. ಆದರೂ ಆ ಸಭ್ಯ ಮನುಷ್ಯ ಹಾಳೆಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಹುಡುಕಿದರು! "ಅದು... ಇದರಲ್ಲಿ ಕೊಟ್ಟಿಲ್ಲ" ಎಂದರು.

ಅಳು ಬಂದಿದ್ದರೆ ಅತ್ತುಬಿಡುತ್ತಿದ್ದೆ. ಬಂದದ್ದು ಸಿಟ್ಟು. ಎದ್ದು ನಿಂತೆ.

"ಆ ಹಾಳೆ ಒಳಗಿಡಿ ರಮಾನಾಥರೇ. ಮಾವ, ನಿಮ್ಮ ರುಜು ನನಗೆ ಬೇಡ. ನನ್ನ ಕಾಲಿಗೆ ಎಷ್ಟು, ಕಣ್ಣಿಗೆ ಎಷ್ಟು, ಹೊಟ್ಟೆಗೆ ಎಷ್ಟು ಅಂತ ನೀವಿಬ್ಬರು ಕೂತು ಮಾತಾಡ್ಲಿಕ್ಕೆ ನಾನೇನು ಸಂತೆಗೆ ಬಂದ ದನವಾ? ಇದು ನನ್ನ ಮೈ."

"ಮಗಾ, ಮೆಲ್ಲಗೆ. ಕೆಳಗೆ ಅಂಗಡಿಯಲ್ಲಿ ಜನ ಇದ್ದಾರೆ."

"ಇರ್ಲಿ. ಕೇಳ್ಲಿ. ನಾನು ಯಾರಿಗೆ ಗುದ್ದುತ್ತೇನೋ ಅವರಿಗೆ ಪರಿಹಾರ ಸಿಗ್ಲಿ, ಅದು ನ್ಯಾಯ. ನಾನು ಸತ್ರೆ ಕುಟುಂಬಕ್ಕೆ ಒಂದು ಬಿಡಿಗಾಸೂ ಸಿಗ್ಲಿಕ್ಕಿಲ್ಲ. ನಿಮಗೆ ಸಿಗುವುದಾದ್ರೆ ನಾನೇ ಸಿಗುವುದು, ಜೀವಂತ, ಕೆಲಸ ಮುಗಿಸಿ ಮನೆಗೆ ಬಂದಾಗ. ಬೇರೆ ಏನೂ ಇಲ್ಲ."

ಮಾವ ಕೊಡೆಯ ಹಿಡಿಯನ್ನೇ ನೋಡುತ್ತ ಕುಳಿತರು. ಅವರ ಎದುರು ನಮ್ಮ ಮನೆಯಲ್ಲಿ ಯಾರೂ ಹೀಗೆ ಮಾತಾಡಿರಲಿಲ್ಲ, ನಾನಂತೂ ಇಲ್ಲವೇ ಇಲ್ಲ. ನಾನು ಏಜೆಂಟರ ಕಡೆ ತಿರುಗಿದೆ.

"ಮೂರನೆಯವರಿಗೆ ಮಾತ್ರ ಬರೀರಿ. ಆಗುವುದಿಲ್ಲ ಅಂತಾದ್ರೆ, ಯಾಕೆ ಆಗುವುದಿಲ್ಲ ಅಂತ ಬರೆದು ಕೊಡಿ. ತಾಲೂಕು ಆಫೀಸು ದೂರ ಇಲ್ಲ. ಅಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿಸ್ತೇನೆ."

ರಮಾನಾಥರು ಒಮ್ಮೆ ಮಾವನನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಲೇಖನಿಗೆ ಶಾಯಿ ಹಾಕಿ ಬರೆಯತೊಡಗಿದರು. ಓಡಿಸುವವರ ಜಾಗದಲ್ಲಿ ನನ್ನ ಹೆಸರನ್ನು ಎರಡನೆಯ ಸಲ ಬರೆಯುವಾಗ ಅಕ್ಷರ ಸ್ವಲ್ಪ ಸಣ್ಣದಾಯಿತು. ಪರವಾಗಿಲ್ಲ, ಓದಲು ಬರುತ್ತಿತ್ತು.

ಮಾವನಿಗೆ ಹೋಗಿ ಬರುತ್ತೇನೆಂದು ಕೂಡ ಹೇಳದೆ ಮೆಟ್ಟಿಲಿಳಿದೆ. ಪಾಣೆಮಂಗಳೂರಿನಲ್ಲಿ ಸಮದರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಕೀ ಕೊಟ್ಟರು. ಅಂಗಡಿಯ ಮುಂದೆ ಜನ ಸೇರಿತು. ಕಚ್ಚೆ ಬಿಗಿದು, ಜಾವಾದ ಮೇಲೆ ಕಾಲು ಹಾಕಿ ಕುಳಿತೆ. ಮೊದಲ ಕಿಕ್ಕಿಗೆ ಹೊತ್ತಿಕೊಳ್ಳಲಿಲ್ಲ. ಯಾರೋ ಶಿಳ್ಳೆ ಹಾಕಿದರು. ಎರಡನೆಯದಕ್ಕೆ ಹೊತ್ತಿಕೊಂಡಿತು. ಶಿಳ್ಳೆ ಕೇಳಿಸದ ಹಾಗೆ ಒಮ್ಮೆ ಚೆನ್ನಾಗಿ ಎಕ್ಸಲರೇಟರ್ ತಿರುವಿ ಸೇತುವೆ ಹತ್ತಿದೆ. ಕೆಳಗೆ ನೇತ್ರಾವತಿ, ಮುಖಕ್ಕೆ ಗಾಳಿ. ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಶಿರ್ತಾಡಿಗೆ ಹೋಗಲು ಬಂಟ್ವಾಳದ ಪೇಟೆಯನ್ನೇ ಹಾಯಬೇಕು. ಅಲ್ಲಿ ಮಾವ ಮೂಡುಬಿದಿರೆಯ ಬಸ್ಸಿಗೆ ಕಾಯುತ್ತಿದ್ದರು. ನಿಲ್ಲಿಸಬಾರದೆಂದೇ ನಾನು ಹೊರಟವಳು. ಆದರೆ ಅವರು ಮಾರ್ಗಕ್ಕಿಳಿದು ಕೊಡೆ ಅಡ್ಡ ಹಿಡಿದರು. ವಿಮೆ ಇದೆಯೆಂದು ಮಾವನಿಗೆ ಗುದ್ದಲು ಆಗುತ್ತದೆಯೇ? ನಿಲ್ಲಿಸಿದೆ.

ಅಂಗಡಿಗಳ ಮೆಟ್ಟಿಲಿನಲ್ಲೆಲ್ಲ ಜನ. ಮಾವ ಅವರ ಕಡೆ ನೋಡಲಿಲ್ಲ. ಗಾಡಿಗೆ ಒಂದು ಸುತ್ತು ಬಂದರು. ಚಕ್ರ ನೋಡಿದರು, ಬಿಸಿಯಾದ ಹೊಗೆಕೊಳವೆ ನೋಡಿದರು, ಅದಕ್ಕೆ ತೀರ ಹತ್ತಿರವಿದ್ದ ನನ್ನ ಬರಿಯ ಕಾಲು ನೋಡಿದರು. ಕುಟುಂಬದ ಮಾತು ಬಂದರೆ ಹೇಳಲು ನನ್ನ ಬಾಯಿಯಲ್ಲಿ ಉತ್ತರಗಳು ಸಾಲಾಗಿ ನಿಂತಿದ್ದವು.

"ಬಿದ್ರೆ ನಿನಗೆ ನೋವಾಗ್ತದೆ ಮಗಾ" ಎಂದರು.

ಮುಂದಿನ ಮಾತಿಗೆ ಕಾದೆ. ಮುಂದೆ ಏನೂ ಬರಲಿಲ್ಲ. ಕುಟುಂಬ ಬರಲಿಲ್ಲ, ಸಂತಾನ ಬರಲಿಲ್ಲ. ಅವರ ಗದ್ದ ಅದುರುತ್ತಿತ್ತು. ಹುಟ್ಟಿದಂದಿನಿಂದ ಆ ಮನೆಯಲ್ಲಿ ನನ್ನ ಬಗ್ಗೆ ಎಲ್ಲರೂ ಹೆದರಿದ್ದರು, ಆದರೆ ನನಗೆ ನೋವಾದೀತೆಂದು ಒಬ್ಬರು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸಾಲಾಗಿ ನಿಂತಿದ್ದ ಉತ್ತರಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಕಣ್ಣು ತುಂಬಿತು. ಆದರೂ ಗಾಡಿಯಿಂದ ಇಳಿಯಲಿಲ್ಲ.

"ಆಗ್ತದೆ ಮಾವ" ಎಂದೆ. "ನನಗೇ ಆಗ್ತದೆ."

ಅವರು ಕೊಡೆ ಕೆಳಗಿಳಿಸಿ ಬದಿಗೆ ಸರಿದರು. ನಾನು ಗೇರು ಹಾಕಿ ಮನೆಯ ಕಡೆಗೆ ಹೋಗುವ ಸಿದ್ಧಕಟ್ಟೆಯ ಮಾರ್ಗ ಹಿಡಿದೆ.